ಲಕ್ಕುಂಡಿಯ ಕೆತ್ತನೆಗಳಿಗೆ ಓರೆ ಬಿಸಿಲು: ನನ್ನ ಛಾಯಾಗ್ರಹಣದ ಅನುಭವ

ಲಕ್ಕುಂಡಿಯ ದೇವಾಲಯಗಳನ್ನು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕಟ್ಟಿದರು. ಬಾದಾಮಿ, ಐಹೊಳೆಗಳ ಮರಳುಗಲ್ಲಿಗಿಂತ ಉಳಿಗೆ ಹೆಚ್ಚು ಒಗ್ಗುವ ಕಲ್ಲು ಇದಾದ್ದರಿಂದಲೇ ಕಾಶಿ ವಿಶ್ವೇಶ್ವರ ದೇವಾಲಯದ ಬಾಗಿಲವಾಡದ ಬಳ್ಳಿಗಳನ್ನು ಅಷ್ಟು ಆಳಕ್ಕೆ ಕೊರೆದು, ಎಲೆಯಿಂದ ಎಲೆಯನ್ನು ಬಿಡಿಸಿ ತೋರಿಸಲು ಅವರಿಗೆ ಸಾಧ್ಯವಾಯಿತು. ಆದರೆ ಶಿಲ್ಪಿಗೆ ಒಲಿದ ಕಲ್ಲು ಕ್ಯಾಮೆರಾಕ್ಕೆ ಅಷ್ಟು ಬೇಗ ಒಲಿಯುವುದಿಲ್ಲ. ಹಸಿರು ಬೆರೆತ ಕಡುಬೂದು ಬಣ್ಣದ ಈ ಕಲ್ಲು ಬೆಳಕನ್ನು ಹೀರಿಕೊಳ್ಳುತ್ತದೆ. ಬಿಸಿಲು ಎದುರಿನಿಂದ ಬಿದ್ದರೆ ಕೆತ್ತನೆಯ ಆಳವೆಲ್ಲ ಮಾಯವಾಗಿ ಗೋಡೆ ಚಪ್ಪಟೆಯಾಗಿ ಕಾಣುತ್ತದೆ, ನೆರಳಿನಲ್ಲಿದ್ದರೆ ನೀಲಿ ಛಾಯೆ ಕವಿಯುತ್ತದೆ. ಗದಗಿನಿಂದ ಸುಮಾರು 11 ಕಿ.ಮೀ. ದೂರದ ಈ ಊರಿಗೆ ಹಲವು ವರ್ಷಗಳಿಂದ ರಜೆಯ ದಿನಗಳಲ್ಲಿ ಹೋಗಿ ಬರುತ್ತಿರುವ ನಾನು ಕಂಡುಕೊಂಡದ್ದು ಇಷ್ಟು: ಕೆತ್ತನೆಯ ಚಿತ್ರಕ್ಕೆ ಮೊದಲು ಬೇಕಾದದ್ದು ಸೂರ್ಯ ಯಾವ ತಿಂಗಳು ಯಾವ ಗೋಡೆಯನ್ನು ಯಾವ ಕೋನದಲ್ಲಿ ಮುಟ್ಟುತ್ತಾನೆ ಎಂಬ ತಿಳಿವಳಿಕೆ. ಲೆನ್ಸ್‌ನ ಬೆಲೆಯ ಮಾತು ಆಮೇಲಿನದು.

ನನ್ನ ಸಲಕರಣೆಗಳು ಸಾಧಾರಣವಾದವು. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ನಿಕಾನ್ ಡಿ5300 ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ಮತ್ತು ಆಮೇಲೆ ಸೇರಿಸಿಕೊಂಡ 35 ಮಿ.ಮೀ. ಎಫ್/1.8 ಲೆನ್ಸ್ (ಎಫ್ ಎಂಬುದು ಬೆಳಕು ಒಳಬಿಡುವ ರಂಧ್ರದ, ಅಂದರೆ ಅಪರ್ಚರ್‌ನ ಅಳತೆ, ಸಂಖ್ಯೆ ಸಣ್ಣದಾದಷ್ಟೂ ರಂಧ್ರ ದೊಡ್ಡದು). ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಬಿಳಿ ಗೋಡೆಯೊಂದನ್ನು ಎಫ್/16ರಲ್ಲಿ ತೆಗೆದು ನೋಡಬೇಕು, ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳಿದ್ದರೆ ಅಲ್ಲಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣಿಸುತ್ತದೆ. ಡಿ5300ರ ಒಳಗೆ ಫೋಕಸ್ ಮೋಟಾರ್ ಇಲ್ಲ, ಆದ್ದರಿಂದ ನಿಕಾನ್‌ನ ಹಳೆಯ 'ಎಎಫ್-ಡಿ' ಲೆನ್ಸ್‌ಗಳು ಅದರಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು 50 ಮಿ.ಮೀ. 'ಡಿ' ಲೆನ್ಸ್ ಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ 35 ಮಿ.ಮೀ. ಲೆನ್ಸ್ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದ ಸುಮಾರು 52 ಮಿ.ಮೀ.ಯಷ್ಟು ನೋಟ ಕೊಡುತ್ತದೆ, ಒಂದು ಮೂರ್ತಿಗೆ, ಗೋಡೆಗೆ ಅಂಟಿದ ಒಂದು ಅರೆಗಂಬಕ್ಕೆ ಅದು ಹೇಳಿ ಮಾಡಿಸಿದಂತಿದೆ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ತೆಗೆಯಲು ಹೋಗುವ ಗೆಳೆಯರಿಗೆ 500, 600 ಮಿ.ಮೀ. ಲೆನ್ಸ್ ಬೇಕಾಗುವುದು ನಿಜ. ಕಲ್ಲು ಹಾರಿಹೋಗುವುದಿಲ್ಲವಾದ್ದರಿಂದ ನನಗೆ ಆ ಖರ್ಚಿಲ್ಲ.

ಬೆಳಕಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗದಗ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೀಗಾಗಿ ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ದಿನಗಳಲ್ಲಿ ಅವನು ಮಧ್ಯಾಹ್ನ ಉತ್ತರಕ್ಕೆ ವಾಲಿರುತ್ತಾನೆ. ಜೂನ್ ತಿಂಗಳಲ್ಲಿ ಸೂರ್ಯೋದಯವೂ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದಿರುವುದರಿಂದ, ವರ್ಷದ ಹೆಚ್ಚಿನ ಕಾಲ ನೆರಳಿನಲ್ಲೇ ಇರುವ ಉತ್ತರದ ಗೋಡೆಗೆ ಆಗ ಬಿಸಿಲು ಸಿಗುತ್ತದೆ. ಮುಂಗಾರಿನ ಮೋಡಗಳ ನಡುವೆ ಒಂದು ಬೆಳಗು ಬಿಸಿಲು ಕಂಡರೂ ನಾನು ಉತ್ತರದ ಗೋಡೆಗೇ ಹೋಗುವುದು ಇದಕ್ಕಾಗಿ. ಡಿಸೆಂಬರಿನಲ್ಲಿ ಸೂರ್ಯ ಅಷ್ಟೇ ದೂರ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಆಗ ಬೆಳಗ್ಗೆ ಎಂಟೂವರೆಯ ಹೊತ್ತಿಗೆ ದಕ್ಷಿಣದ ಗೋಡೆಯನ್ನು ಬಿಸಿಲು ಸುಮಾರು 30 ಡಿಗ್ರಿ ಓರೆಯಲ್ಲಿ ಮುಟ್ಟುತ್ತದೆ. ಮಾರ್ಚ್ 20ರ ಸುಮಾರಿಗೆ ಅದೇ ಬಿಸಿಲು ಗೋಡೆಯನ್ನು ಸವರಿಕೊಂಡೇ ಹೋಗುವುದರಿಂದ ಉಬ್ಬಿದ ಭಾಗಗಳಷ್ಟೇ ಹೊಳೆದು ಉಳಿದುದೆಲ್ಲ ಕಪ್ಪಾಗುತ್ತದೆ. ಇವೆರಡರ ನಡುವಿನ ಹದ ಸಿಗುವುದು ಫೆಬ್ರುವರಿ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ನನಗೆ ಆಯ್ಕೆ ಕೊಟ್ಟರೆ ಅಕ್ಟೋಬರನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಮಳೆಯಲ್ಲಿ ಕಲ್ಲಿನ ಧೂಳು ತೊಳೆದುಹೋಗಿ ಅದರ ಹಸಿರು ಎದ್ದು ಕಾಣುತ್ತಿರುತ್ತದೆ.

ಈ ಲೆಕ್ಕ ದಿಕ್ಕನ್ನು ಹೇಳುತ್ತದೆಯೇ ಹೊರತು ಒಂದೊಂದು ಮೂರ್ತಿಯ ಗಳಿಗೆಯನ್ನು ಹೇಳುವುದಿಲ್ಲ. ಅದನ್ನು ಕಲಿಸಿದವರು ಅಲ್ಲಿ ಕಾವಲಿದ್ದ ಹಿರಿಯರೊಬ್ಬರು. "ಈಗ ಯಾಕ ತಗೀತೀರಿ ಸರ, ಇನ್ನೊಂದ್ ಅರ್ಧ ತಾಸ್ ಕುಂಡ್ರ್ರಿ, ಆ ಕಂಬದ ನೆಳ್ಳ ಸರದಮ್ಯಾಲ ಇದರ ಮಾರಿ ಮ್ಯಾಲ ಬಿಸಲ ಬೀಳತೈತ್ರಿ" ಎಂದು ಅವರು ತೋರಿಸಿದ್ದು ಅರೆಗಂಬಗಳ ನಡುವಿನ ತೋರಣದ ನೆತ್ತಿಯ ಕೀರ್ತಿಮುಖವನ್ನು. ಕಾದು ಕುಳಿತೆ. ಬಿಸಿಲು ಮೊದಲು ಅದರ ಹುಬ್ಬನ್ನು ಮುಟ್ಟಿತು, ನಂತರ ಉಬ್ಬಿದ ಕಣ್ಣುಗುಡ್ಡೆಗಳ ಒಂದು ಬದಿ ಹೊಳೆಯಿತು, ಕೊನೆಗೆ ಹಲ್ಲಿನ ಸಾಲಿನ ಕೆಳಗೆ ಗೆರೆ ಎಳೆದಂತೆ ನೆರಳು ಬಿದ್ದು ಬಾಯಿ ತೆರೆದುಕೊಂಡಿತು. ಅದೇ ಕಲ್ಲು ಅರ್ಧ ತಾಸಿನ ಹಿಂದೆ ಬರಿಯ ಗಂಟಿನ ಹಾಗೆ ಕಾಣುತ್ತಿತ್ತು. ಅಂದಿನಿಂದ ಪ್ರತಿಯೊಂದು ಕೆತ್ತನೆಗೂ ತಿಂಗಳು, ಗಳಿಗೆ, ಗೋಡೆಯ ದಿಕ್ಕುಗಳನ್ನು ಬರೆದಿಡುವ ನೋಟ್‌ಬುಕ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಸಲಕರಣೆಗಳಲ್ಲಿ ಅದಕ್ಕಿಂತ ಬೆಲೆಬಾಳುವುದು ಬೇರೊಂದಿಲ್ಲ.

ಕ್ಯಾಮೆರಾದ ಮೀಟರ್ ತನ್ನ ಎದುರಿಗಿರುವುದೆಲ್ಲವೂ ಮಧ್ಯಮ ಬೂದು ಬಣ್ಣದ್ದೆಂದು ಎಣಿಸಿ ಬೆಳಕನ್ನು ಅಳೆಯುತ್ತದೆ. ಕಡುಬಣ್ಣದ ಕಲ್ಲೇ ಚೌಕಟ್ಟನ್ನು ತುಂಬಿದಾಗ ಅದು ಬೆಳಕನ್ನು ಹೆಚ್ಚಿಸಿ ಕಲ್ಲನ್ನು ಬಿಳಿಚಿಸುತ್ತದೆ, ಆಗ ಬೆಳಕನ್ನು ಕೈಯಾರೆ ಏರಿಳಿಸುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮೈನಸ್ 0.7ಕ್ಕೆ ಇಳಿಸುತ್ತೇನೆ. ಶಿಖರದೊಂದಿಗೆ ಆಕಾಶವೂ ಸೇರಿದರೆ ಇದರ ತದ್ವಿರುದ್ಧ ನಡೆದು ಕಲ್ಲು ಕರಿಮುದ್ದೆಯಾಗುತ್ತದೆ. ಚಿತ್ರದ ಬೆಳಕು ಕತ್ತಲೆಗಳ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆಯನ್ನು ನೋಡುವ ಅಭ್ಯಾಸವಿದ್ದರೆ ಎರಡನ್ನೂ ಅಲ್ಲಿಯೇ ಸರಿಪಡಿಸಿಕೊಳ್ಳಬಹುದು. ಹೊರಗೋಡೆಗೆ ಅಪರ್ಚರ್ ಎಫ್/8 ಸಾಕು, ಎಫ್/11 ದಾಟಿದರೆ ಈ ಸೆನ್ಸರ್‌ನಲ್ಲಿ ಉಳಿಯ ಗೆರೆಗಳ ಮೊನಚು ಮಂಕಾಗತೊಡಗುತ್ತದೆ.

ಒಳಗಿನ ಚಿತ್ರಗಳು ಬೇರೆಯೇ ಕೆಲಸ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಚತುರ್ಮುಖ ಬ್ರಹ್ಮನ ಮೂರ್ತಿಯಿದೆ, ಅದರ ಮೇಲೆ ಬೀಳುವುದು ಬಾಗಿಲಿನಿಂದ ಬರುವ ಬೆಳಕು ಮಾತ್ರ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ತ್ವ ಇಲಾಖೆಯ ಪೂರ್ವಾನುಮತಿ ಬೇಕು, ಫ್ಲ್ಯಾಷ್ ಹೊಡೆದರೆ ನುಣುಪಾದ ಕಲ್ಲಿನ ಮೇಲೆ ಬಿಳಿ ಚುಕ್ಕೆ ಬಿದ್ದು ಮೂರ್ತಿಯ ಗಾಂಭೀರ್ಯವೇ ಹೋಗುತ್ತದೆ. ಆದ್ದರಿಂದ ನೆಲದ ಮೇಲೆ ಕುಳಿತು, ಮೊಣಕೈಗಳನ್ನು ಮೊಣಕಾಲುಗಳ ಮೇಲೆ ಊರಿ, 35 ಮಿ.ಮೀ. ಲೆನ್ಸನ್ನು ಎಫ್/2.8ಕ್ಕೆ ತೆರೆದು, ಶಟರ್ ವೇಗವನ್ನು ಸೆಕೆಂಡಿನ 1/60ಕ್ಕಿಂತ ಕೆಳಗಿಳಿಸದೆ, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್ಒವನ್ನು 1600ರವರೆಗೆ ಏರಲು ಬಿಡುತ್ತೇನೆ. ಬೆಳಕು ಸಾಲದಿದ್ದರೆ ತಂಗಿಯ ಮಗ ಬಾಗಿಲಿನ ಹೊರಗೆ ಬಿಸಿಲು ಬೀಳುವ ನೆಲದ ಮೇಲೆ ಬಿಳಿ ಪಂಚೆಯೊಂದನ್ನು ಹಾಸುತ್ತಾನೆ. ಅದರಿಂದ ಪುಟಿದ ಬೆಳಕು ಒಳಗಿನ ನೆರಳನ್ನು ಎಷ್ಟು ಮೆದುವಾಗಿ ತುಂಬುತ್ತದೆಯೆಂದರೆ, ತಿರುಗಣೆಗೆ ಹಾಕಿ ಕಡೆದ ಕಂಬಗಳ ಸುತ್ತಿನ ಗೆರೆಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಚೆನ್ನಾಗಿ ಒಗೆದ, ನೀಲಿ ಹಾಕದ ಪಂಚೆಯೇ ಆಗಬೇಕು, ನೀಲಿ ಹಾಕಿದ್ದರೆ ಆ ಛಾಯೆ ಕಲ್ಲಿಗೂ ಹತ್ತುತ್ತದೆ.

ಎಡಿಟಿಂಗ್‌ಗೆ ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್ ತಂತ್ರಾಂಶವನ್ನು ಬಳಸುತ್ತೇನೆ. ಚಿತ್ರಗಳನ್ನು ಯಾವಾಗಲೂ, ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೆಯೇ ಉಳಿಸುವ 14 ಬಿಟ್‌ನ ರಾ ಫೈಲ್‌ಗಳಾಗಿಯೇ ತೆಗೆಯುತ್ತೇನೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ ಇದರಲ್ಲಿ 16,384 ಹಂತಗಳಿರುತ್ತವೆ, ಕಡುಬಣ್ಣದ ಕಲ್ಲಿನ ನೆರಳುಗಳನ್ನು ಒಡೆಯದಂತೆ ಎತ್ತಿ ತೋರಿಸಲು ಈ ಅಂತರವೇ ಆಧಾರ. ಬಣ್ಣದ ನಿಷ್ಠೆಗಾಗಿ ಪ್ರತಿ ಜಾಗದಲ್ಲಿಯೂ ಮೊದಲು ಬೂದು ಕಾರ್ಡೊಂದರ ಚಿತ್ರ ತೆಗೆದುಕೊಂಡು, ಮನೆಯಲ್ಲಿ ಅದರಿಂದಲೇ ವೈಟ್ ಬ್ಯಾಲೆನ್ಸ್ ಹೊಂದಿಸುತ್ತೇನೆ. ಆಮೇಲೆ ಲೆನ್ಸ್ ಕರೆಕ್ಷನ್, ಏಕೆಂದರೆ ಕಿಟ್ ಲೆನ್ಸ್ 18 ಮಿ.ಮೀ.ಯಲ್ಲಿ ಅಧಿಷ್ಠಾನದ, ಅಂದರೆ ದೇವಾಲಯದ ತಳಪೀಠದ ನೇರ ಪಟ್ಟಿಕೆಗಳನ್ನು ಬಾಗಿಸಿಬಿಡುತ್ತದೆ. ಕ್ಯಾಮೆರಾ ಮೇಲೆತ್ತಿ ತೆಗೆದಾಗ ಹಿಂದಕ್ಕೆ ವಾಲಿದ ಗೋಡೆಗಳನ್ನು ನೆಟ್ಟಗೆ ಮಾಡುವುದು ಅದರ ನಂತರ. ಹಾಗೆ ಮಾಡಿದಾಗ ಅಂಚುಗಳು ಕತ್ತರಿಸಿಹೋಗುವುದರಿಂದ, ತೆಗೆಯುವಾಗಲೇ ಸುತ್ತಲೂ ಜಾಗ ಬಿಟ್ಟಿರಬೇಕು. ಲೋಕಲ್ ಕಾಂಟ್ರಾಸ್ಟ್ (ಅಕ್ಕಪಕ್ಕದ ಬೆಳಕು ನೆರಳುಗಳ ಅಂತರ) ವಿಷಯದಲ್ಲಿ ನನ್ನದು ಬಿಗಿಯಾದ ನಿಲುವು. ಅದನ್ನು ಮಿತಿಮೀರಿ ಏರಿಸಿದ ಚಿತ್ರಗಳು ಫೋನಿನ ಪರದೆಯ ಮೇಲೆ ಕಣ್ಣು ಸೆಳೆಯುತ್ತವೆ, ಆದರೆ ಕಲ್ಲು ಲೋಹದಂತೆ ಕಾಣತೊಡಗಿ, ಒಂಬೈನೂರಕ್ಕೂ ಹೆಚ್ಚು ವರ್ಷಗಳ ಗಾಳಿ ಮಳೆಗೆ ಸವೆದ ಮೈಯ ಮೆದುತನವನ್ನು ಅಳಿಸಿಹಾಕುತ್ತವೆ. ಆ ಸವೆತವೂ ಚಿತ್ರದಲ್ಲಿ ಉಳಿಯಬೇಕೆಂಬುದು ನನ್ನ ಆಸೆ.

ಧಾರವಾಡದ ಕಡೆಯ ಮಳೆಗಾಲದ ತೇವಕ್ಕೆ ಲೆನ್ಸ್‌ನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳು, ಇಷ್ಟಿದ್ದರೆ ಸಾಕು.

ಚಿತ್ರವನ್ನು ಕಾಗದದ ಮೇಲೆ ನೋಡದೆ ನನಗೆ ಸಮಾಧಾನವಿಲ್ಲ. 24 ಮೆಗಾಪಿಕ್ಸೆಲ್‌ನ ಚಿತ್ರ, ಅಂದರೆ 6000 × 4000 ಬಿಂದುಗಳು, ಇಂಚಿಗೆ 300ರಂತೆ 18 × 12 ಇಂಚಿನ ಪ್ರಿಂಟಿಗೆ ಧಾರಾಳವಾಗಿ ಸಾಲುತ್ತದೆ. ಕಪ್ಪು ಛಾಯೆಗಳೇ ತುಂಬಿದ ಚಿತ್ರಕ್ಕೆ ಗ್ಲಾಸಿ ಕಾಗದಕ್ಕಿಂತ ಮ್ಯಾಟ್ ಕಾಗದ ಮೇಲು, ಕೋಣೆಯ ದೀಪಗಳು ಅದರಲ್ಲಿ ಪ್ರತಿಫಲಿಸುವುದಿಲ್ಲ. ಎಡಿಟ್ ಮಾಡುವಾಗ ಪರದೆಯ ಹೊಳಪನ್ನು ಅರ್ಧಕ್ಕೆ ಇಳಿಸಿಕೊಳ್ಳದಿದ್ದರೆ ಪ್ರಿಂಟ್ ಎಣಿಸಿದ್ದಕ್ಕಿಂತ ಕಪ್ಪಾಗಿ ಬರುತ್ತದೆ. ಲ್ಯಾಬುಗಳ ಯಂತ್ರಗಳು ಕಡುಬಣ್ಣದ ಚಿತ್ರಗಳನ್ನು ತಾವಾಗಿಯೇ ತಿಳಿಗೊಳಿಸುವುದುಂಟು, ಹೀಗಾಗಿ ಆರ್ಡರ್ ಕೊಡುವಾಗಲೇ 'ನೋ ಕರೆಕ್ಷನ್' ಎಂದು ಚೀಟಿಯ ಮೇಲೆ ಬರೆಸಿ, ದೊಡ್ಡ ಪ್ರಿಂಟಿಗೆ ಮೊದಲು ಅದೇ ಕಾಗದದಲ್ಲಿ ಒಂದು ಸಣ್ಣ ಪ್ರಿಂಟ್ ತೆಗೆಸಿ, ಅದನ್ನು ಹಗಲಿನ ಬೆಳಕಿನಲ್ಲಿ ನೋಡಿದ ಮೇಲೆಯೇ ಒಪ್ಪಿಗೆ ಕೊಡುತ್ತೇನೆ.