ಮರ ಕಡಿದಾಯ್ತು, ಈಗ ಬೊಡ್ಡೆ ಏನ್ಮಾಡೋದು?

ಮರ ಕಡಿಯೋದು ಹೇಗೋ ಆಗೋಗತ್ತೆ, ಬೊಡ್ಡೆ ಕೀಳೋದು ಮಾತ್ರ ಜೀವ ಹಿಂಡತ್ತೆ. ಹಾಗಾಗಿ ಹಾರೆ ಕೈಗೆತ್ಕೊಳ್ಳೋ ಮುಂಚೆ ಆ ಜಾಗದಲ್ಲಿ ಮುಂದೆ ಏನ್ ಮಾಡ್ತೀರ ಅನ್ನೋದನ್ನ ಮೊದ್ಲು ತೀರ್ಮಾನ ಮಾಡ್ಕೊಳ್ಳಿ. ಗೋಡೆ ಕಟ್ತೀರ, ಕಾಂಕ್ರೀಟ್ ಹಾಕ್ತೀರ ಅಂದ್ರೆ ದಪ್ಪ ಬೇರು ಸಮೇತ ತೆಗೀಲೇಬೇಕು, ಯಾಕಂದ್ರೆ ಒಳಗೆ ಉಳಿದಿದ್ದು ಕೊಳೀತಾ ಕೊಳೀತಾ ಟೊಳ್ಳಾಗಿ ಮೇಲಿನ ನೆಲ ಕೂತ್ಕೊಳ್ಳತ್ತೆ. ಉಳುಮೆ ಮಾಡೋ ಜಾಗ ಆದ್ರೂ ಅಷ್ಟೇ, ಕಲ್ಟಿವೇಟರ್ ಹಲ್ಲು ಒಂದ್ಸಲ ಸಿಕ್ಕಾಕ್ಕೊಂಡ್ರೆ ಸಾಕು. ಬರೀ ಹುಲ್ಲು, ಹೂವಿನ ಗಿಡ ಹಾಕೋದಾದ್ರೆ ನೆಲದಿಂದ ಒಂದಡಿ ಕೆಳಗಿನ ತನಕ ತೆಗೆದು ಮಣ್ಣು ಮುಚ್ಚಿದ್ರೆ ನಡೆಯತ್ತೆ. ಮೂಲೇಲಿದೆ, ಯಾರ ಕಾಲಿಗೂ ತಾಗಲ್ಲ ಅಂದ್ರೆ ನೆಲದ ಮಟ್ಟಕ್ಕೆ ಕೊಯ್ದು ಬಿಟ್ಬಿಡಿ, ಅದೇನು ಸೋಮಾರಿತನ ಅಲ್ಲ. ಇಳಿಜಾರಲ್ಲೋ ಹಳ್ಳದ ದಡದಲ್ಲೋ ಇರೋ ಬೊಡ್ಡೆಯನ್ನಂತೂ ಕೀಳೋಕೇ ಹೋಗ್ಬೇಡಿ, ಅಲ್ಲಿ ಮಣ್ಣು ಹಿಡ್ಕೊಂಡು ನಿಂತಿರೋದೇ ಆ ಬೇರು. ಅದು ಕೊಳೆಯೋದ್ರೊಳಗೆ ಪಕ್ಕದಲ್ಲಿ ಬೇರೆ ಗಿಡ ನೆಟ್ಟು ಬೇರು ಬಿಡೋ ಹಾಗೆ ಮಾಡ್ಕೊಂಡ್ರೆ ಆಯ್ತು.

ಮರ ಇನ್ನೂ ಕಡಿದಿಲ್ಲ ಅನ್ನೋರಿಗೆ ಒಂದು ಮಾತು. ಪೂರ್ತಿ ಬುಡಕ್ಕೆ ಕೊಯ್ಸಬೇಡಿ, ಮೂರು ನಾಲ್ಕಡಿ ಬಿಡ್ಸಿ. ಕಡಿಯೋರು ಚೊಕ್ಕ ಆಗ್ಲಿ ಅಂತ ನೆಲಕ್ಕೆ ಸಮ ಮಾಡಿ ಹೋಗ್ತಾರೆ, ಆಮೇಲೆ ಹಗ್ಗ ಕಟ್ಟೋಕೂ ಜಾಗ ಇರಲ್ಲ, ಆಡ್ಸೋಕೂ ಹಿಡಿತ ಸಿಗಲ್ಲ. ಉದ್ದ ಇದ್ರೆ ಆ ಮೋಟೇ ಸನ್ನೆಗೋಲು, ಮೇಲೆ ತಳ್ಳಿದ್ರೆ ಕೆಳಗೆ ಬೇರು ಅಲ್ಲಾಡತ್ತೆ. ಬೊಡ್ಡೆ ಪುಡಿ ಮಾಡೋ ಗ್ರೈಂಡರ್ ಮೆಷಿನ್ ತರಿಸೋದು ಅಂತ ಮೊದ್ಲೇ ನಿರ್ಧಾರ ಆಗಿದ್ರೆ ಮಾತ್ರ ಆದಷ್ಟು ಗಿಡ್ಡ ಕೊಯ್ಸಿ.

ಇನ್ನು ಯಾವ ಮರ ಅನ್ನೋದ್ರ ಮೇಲೆ ಕೆಲಸ ಪೂರ್ತಿ ಬದಲಾಗತ್ತೆ. ತೆಂಗು, ಅಡಿಕೆ, ತಾಳೆ ಜಾತಿಗೆ ತಾಯಿಬೇರು ಇಲ್ಲ, ಬೆರಳು ಗಾತ್ರದ ನೂರಾರು ಬೇರು ಗೊಂಚಲಾಗಿ ಇರತ್ತೆ, ಸುತ್ತ ಕಡಿದು ಆಡ್ಸಿದ್ರೆ ಮುದ್ದೆ ಮುದ್ದೆಯಾಗಿ ಬರತ್ತೆ. ಮತ್ತೆ ಸುಳಿ ಹೋದ್ಮೇಲೆ ತೆಂಗು ಅಡಿಕೆ ಬುಡದಿಂದ ಚಿಗುರೋದಿಲ್ಲ, ಆ ಚಿಂತೆ ಬೇಡ. ನೀಲಗಿರಿ, ತೇಗ, ಸುಬಾಬುಲ್, ಬೇವು ಇವೆಲ್ಲ ಕಡಿದಷ್ಟೂ ಚಿಗುರೋ ಜಾತಿ, ಬಿಟ್ರೆ ಒಂದು ಕಾಂಡ ಇದ್ದ ಜಾಗದಲ್ಲಿ ಹತ್ತು ಬರತ್ತೆ. ಬಿದಿರಿನ ಕಥೆಯೇ ಬೇರೆ, ಅದು ಬೊಡ್ಡೆ ಅಲ್ಲ, ನೆಲದೊಳಗಿನ ಗೆಡ್ಡೆಗಳ ಹೆಣಿಗೆ, ಒಂದು ತುಂಡು ಉಳಿದ್ರೂ ಮತ್ತೆ ಏಳಬಹುದು.

ಅಗೆಯೋಕೆ ಮುಂಚೆ ಕೆಳಗೆ ಏನೇನು ಹಾದುಹೋಗಿದೆ ಅಂತ ತಿಳ್ಕೊಳ್ಳಿ, ಕರೆಂಟ್ ಕೇಬಲ್, ನೀರಿನ ಪೈಪ್, ಡ್ರೈನೇಜ್. ಬೇರು ತೇವ ಇದ್ದ ಕಡೆಗೇ ಬೆಳೆಯೋದ್ರಿಂದ ಸೋರೋ ಹಳೇ ಪೈಪಿಗೆ ಸುತ್ಕೊಂಡಿರೋ ಸಾಧ್ಯತೆ ಜಾಸ್ತಿ, ಜೋರಾಗಿ ಎಳೆದ್ರೆ ಬೇರಿನ ಜೊತೆ ಪೈಪೂ ಬರತ್ತೆ. ಮನೆ ಗೋಡೆಗೆ ತಾಗ್ಕೊಂಡೇ ಇದ್ರೆ, ಅದರಲ್ಲೂ ಜೇಡಿ ಅಥವಾ ಕಪ್ಪು ಮಣ್ಣು ಆಗಿದ್ರೆ, ಪೂರ್ತಿ ಕೀಳೋ ಮೊದ್ಲು ತಿಳಿದ ಇಂಜಿನಿಯರ್ ಹತ್ರ ಒಂದ್ಮಾತು ಕೇಳಿ. ಮರ ಅಷ್ಟು ವರ್ಷ ನೀರು ಹೀರ್ತಾ ಇತ್ತು, ಈಗ ಅದು ನಿಂತ್ಮೇಲೆ ಅಂಥ ಮಣ್ಣು ಉಬ್ಬತ್ತೆ, ಅದರ ಮೇಲೆ ಪಾಯದ ಪಕ್ಕ ಗುಂಡಿ ಬೇರೆ ತೋಡಿದ್ರೆ ಬಿರುಕು ಬಿಡ್ಬಹುದು.

ಈಗ ಕೈಯಲ್ಲಿ ಕೀಳೋ ವಿಷಯ. ತೀರಾ ಎರಡು ತೋಳಿಗೆ ಸಿಗದ ಮರ ಅಲ್ಲದಿದ್ರೆ, ಒಂದಡಿ ಒಂದೂವರೆ ಅಡಿ ಅಗಲದ ಬೊಡ್ಡೆ ತನಕ ಇಬ್ಬರು ಸೇರಿ ಕೈಯಲ್ಲೇ ತೆಗೀಬಹುದು, ತಾಳ್ಮೆ ಒಂದಿರ್ಬೇಕು. ಹಾರೆ, ಪಿಕಾಸಿ, ಸನಿಕೆ, ಹರಿತ ಇರೋ ಕೊಡಲಿ ಒಂದು, ಮೊಂಡಾದ್ರೂ ಪರವಾಗಿಲ್ಲ ಅನ್ನೋ ಹಳೇ ಕೊಡಲಿ ಇನ್ನೊಂದು, ಜೊತೆಗೆ ಕೈಗರಗಸ. ಹಿಂದಿನ ದಿನವೇ ಬುಡದ ಸುತ್ತ ಚೆನ್ನಾಗಿ ನೀರು ಬಿಡಿ. ಮಳೆಗಾಲ ಮುಗಿದ ಕೂಡ್ಲೇ ಮಾಡಿದ್ರೆ ಅದೂ ಬೇಕಾಗಿಲ್ಲ. ಒಣಗಿ ಕಲ್ಲಾಗಿರೋ ನೆಲದಲ್ಲಿ ಶುರು ಮಾಡಿದ್ರೆ ಬರೀ ಮಣ್ಣು ಬಿಡ್ಸೋದ್ರಲ್ಲೇ ಸೊಂಟ ಬಿದ್ದೋಗತ್ತೆ.

ಜಾಸ್ತಿ ಜನ ಎಡವೋದು ಎಲ್ಲಿ ಅಂದ್ರೆ ಬೊಡ್ಡೆಗೆ ತಾಗ್ಕೊಂಡೇ ಅಗೆಯೋಕೆ ಶುರು ಮಾಡ್ತಾರೆ. ಅಲ್ಲಿ ಬೇರು ತೊಡೆ ದಪ್ಪ ಇರತ್ತೆ, ಕೊಡಲಿ ಬೀಸೋಕೂ ಜಾಗ ಇರಲ್ಲ. ಎರಡಡಿ ದೂರದಲ್ಲಿ ಸುತ್ತಲೂ ಕಾಲುವೆ ಥರ ತೋಡ್ಕೊಳ್ಳಿ, ಅಲ್ಲಿಗೆ ಬರೋಷ್ಟ್ರಲ್ಲಿ ಅದೇ ಬೇರು ಕವಲೊಡೆದು ಸಣ್ಣ ಆಗಿರತ್ತೆ. ಹೆಚ್ಚಿನ ಮರಗಳಲ್ಲಿ ಪಕ್ಕದ ಬೇರುಗಳು ಬಹುಪಾಲು ಮೇಲಿನ ಎರಡಡಿ ಮಣ್ಣಲ್ಲೇ ಹರಡಿರೋದು, ಹಾಗಾಗಿ ಪಾತಾಳಕ್ಕೆ ಇಳಿಯೋದೇನೂ ಬೇಕಾಗಲ್ಲ. ಒಂದೊಂದು ಬೇರು ಸಿಕ್ಕಾಗ್ಲೂ ಅದರ ಕೆಳಗಿನ ಮಣ್ಣನ್ನ ಹಾರೆಯಿಂದ ಕೆದಕಿ ತೆಗೆದು, ಬೇರು ಗಾಳಿಯಲ್ಲಿ ತೇಲೋ ಹಾಗೆ ಮಾಡಿ ಆಮೇಲೆ ಕಡೀರಿ. ಮಣ್ಣಿನ ಮೇಲೆ ಇಟ್ಟು ಕಡಿದ್ರೆ ಏಟೆಲ್ಲ ಮಣ್ಣೇ ನುಂಗತ್ತೆ, ಕಲ್ಲು ಸಿಕ್ಕಿ ಬಾಯಿ ಮೊಂಡಾಗತ್ತೆ. ಇನ್ನೊಂದು, ಒಂದೇ ಕಡೆ ಕಡಿದು ಬಿಡ್ಬೇಡಿ, ಒಂದಡಿ ಅಂತರದಲ್ಲಿ ಎರಡು ಕಡೆ ಕಡಿದು ನಡುವಿನ ತುಂಡನ್ನ ಹೊರಗೆ ಎಸೀರಿ, ಇಲ್ಲಾಂದ್ರೆ ಆಮೇಲೆ ಬೊಡ್ಡೆ ಆಡ್ಸೋವಾಗ ಕಡಿದ ತುದಿ ಎದುರು ತುದಿಗೆ ಒತ್ಕೊಂಡು ಅಲ್ಲಾಡೋಕೇ ಬಿಡಲ್ಲ.

ಚೈನ್ ಸಾ ಇದ್ಯಲ್ಲ, ಅದರಲ್ಲೇ ಬೇರು ಕೊಯ್ಯೋಣ ಅನ್ಸತ್ತೆ. ಬೇಡ ಅಂತೀನಿ ನಾನು. ಮಣ್ಣು ಮೆತ್ಕೊಂಡಿರೋ ಬೇರಿಗೆ ಹಿಡಿದ್ರೆ ಕ್ಷಣದಲ್ಲಿ ಚೈನ್ ಹೋಯ್ತು, ಗುಂಡಿಯೊಳಗೆ ಬಗ್ಗಿ ಹಿಡಿಯೋವಾಗ ಬ್ಲೇಡ್ ತುದಿ ಎಲ್ಲಾದ್ರೂ ತಾಗಿ ಮುಖದ ಕಡೆಗೆ ಒದ್ರೆ ತಪ್ಪಿಸ್ಕೊಳ್ಳೋಕೂ ಜಾಗ ಇರಲ್ಲ. ಬಳಸಲೇಬೇಕು ಅಂದ್ರೆ ಬೇರನ್ನ ನೀರಲ್ಲಿ ತೊಳೆದು ಬ್ರಷ್ ಹಾಕಿ ಉಜ್ಜಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು ಮಾಡಿ. ಪೈಪಲ್ಲಿ ಜೋರಾಗಿ ನೀರು ಬಿಟ್ಟು ಮಣ್ಣು ತೊಳೆಯೋದು ಮರಳು ಮಣ್ಣಿನ ಕಡೆ ಬಹಳ ಚೆನ್ನಾಗಿ ಕೆಲಸ ಮಾಡತ್ತೆ, ಬೇರೆಲ್ಲ ಬೆತ್ತಲೆಯಾಗಿ ಕಾಣತ್ತೆ. ಜೇಡಿ ಮಣ್ಣಲ್ಲಿ ಮಾತ್ರ ಕೆಸರು ಗದ್ದೆ ಆಗೋಗತ್ತೆ.

ಪಕ್ಕದ ಬೇರೆಲ್ಲ ಕಡಿದಾಯ್ತು, ಆದ್ರೂ ಬೊಡ್ಡೆ ಜಪ್ಪಯ್ಯ ಅಂತಿಲ್ಲ ಅಂದ್ರೆ ತಾಯಿಬೇರು ಹಿಡ್ಕೊಂಡಿದೆ ಅಂತ ಅರ್ಥ. ಮೋಟಿನ ತಲೆಗೆ ಹಗ್ಗ ಕಟ್ಟಿ ಆ ಕಡೆ ಈ ಕಡೆ ಆಡ್ಸಿ ನೋಡಿ, ಎತ್ತ ಕಡೆಗೆ ವಾಲಲ್ವೋ ಅದರ ಎದುರು ಬದಿಯಲ್ಲಿ ಕಡಿಯದ ಬೇರು ಉಳಿದಿರತ್ತೆ, ಹಗ್ಗದ ಥರ ಬಿಗಿಯೋದು ಅದೇ. ಎಲ್ಲಾ ಕಡೆಗೂ ಸ್ವಲ್ಪ ಸ್ವಲ್ಪ ಆಡತ್ತೆ ಆದ್ರೆ ಮೇಲೆ ಬರಲ್ಲ ಅಂದ್ರೆ ಹಿಡ್ಕೊಂಡಿರೋದು ನೇರ ಕೆಳಗೆ. ಒಂದು ಬದಿಯಲ್ಲಿ ಆಳ ತೋಡಿ, ಬೊಡ್ಡೆಯನ್ನ ಎದುರು ಬದಿಗೆ ವಾಲಿಸಿ ಗಟ್ಟಿ ಮರದ ತುಂಡು ಕೊಟ್ಟು ನಿಲ್ಸಿ, ಆಮೇಲೆ ತಾಯಿಬೇರಿಗೆ ಕೈಗರಗಸ ಹಾಕಿ. ಆಸರೆ ಕೊಡದೆ ಕೆಳಗೆ ಕೈ ಹಾಕ್ಬೇಡಿ, ಹಸಿ ಬೊಡ್ಡೆ ನೀವಂದುಕೊಂಡಿದ್ದಕ್ಕಿಂತ ಎಷ್ಟೋ ಭಾರ.

ಎಳೆಯೋ ಮಾತಿಗೆ ಬರೋಣ. ಬೇರು ಕಡಿಯದೆ ಎಳೆಯೋದು ದಂಡ, ಅದಕ್ಕೇ ಇದನ್ನ ಕಡೆಗೆ ಹೇಳ್ತಿರೋದು. ಕೈಯಲ್ಲಿ ತಿರುಗಿಸೋ ಚೈನ್ ಪುಲ್ಲಿ ಇದ್ರೆ ಅದೇ ಎಲ್ಲಕ್ಕಿಂತ ಒಳ್ಳೇದು, ನಿಧಾನ, ಎಷ್ಟು ಬಿಗಿ ಆಗ್ತಿದೆ ಅಂತ ಕೈಗೆ ಗೊತ್ತಾಗತ್ತೆ, ನಡುವೆ ನಿಲ್ಸಿ ಇನ್ನೊಂದು ಬೇರು ಕಡೀಬಹುದು. ಇನ್ನೊಂದು ತುದಿ ಕಟ್ಟೋಕೆ ಇನ್ನೊಂದು ಗಟ್ಟಿ ಬೊಡ್ಡೆ ಸಿಕ್ರೆ ಉತ್ತಮ, ಜೀವಂತ ಮರಕ್ಕೆ ಕಟ್ಟೋದಾದ್ರೆ ಗೋಣಿಚೀಲ ಸುತ್ತಿ ಅಗಲದ ಬೆಲ್ಟ್ ಹಾಕಿ, ಇಲ್ಲಾಂದ್ರೆ ಅದರ ತೊಗಟೆ ಸುಲಿದು ಆ ಮರವೂ ಹೋಗತ್ತೆ. ಟ್ರ್ಯಾಕ್ಟರ್ ಕಟ್ಟಿ ಎಳೆಯೋರು ಇದನ್ನ ಸರಿಯಾಗಿ ಓದಿ: ಸರಪಳಿ ಕಟ್ಬೇಕಾದ್ದು ಹಿಂದೆ ಕೆಳಗಿರೋ ಡ್ರಾಬಾರ್‌ಗೆ (ಎಳೆಯೋಕೆ ಅಂತಲೇ ಇರೋ ಕಬ್ಬಿಣದ ಪಟ್ಟಿಗೆ) ಮಾತ್ರ, ಆಕ್ಸಲ್‌ಗೋ ಮೇಲಿನ ಕೊಂಡಿಗೋ ಕಟ್ಟಿದ್ರೆ ಬೊಡ್ಡೆ ಬರದೇ ಇದ್ದಾಗ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚತ್ತೆ, ಕ್ಲಚ್ ಒತ್ತೋಕೆ ಟೈಮೇ ಸಿಗಲ್ಲ, ಜನ ಸತ್ತಿದಾರೆ ಹೀಗೆ. ಜಗ್ಗಿ ಜಗ್ಗಿ ಎಳೀಬೇಡಿ. ನೈಲಾನ್ ಹಗ್ಗ ಹಿಗ್ಗತ್ತೆ, ತುಂಡಾದಾಗ ಚಾಟಿ ಥರ ಬರತ್ತೆ, ಅದನ್ನ ಇದಕ್ಕೆ ಬಳಸಲೇಬಾರ್ದು. ಎಳೆಯೋವಾಗ ಹಗ್ಗದ ಉದ್ದಕ್ಕಿಂತ ದೂರದಲ್ಲಿ ನಿಲ್ಲಿ, ಮಕ್ಕಳು ಆ ಕಡೆ ಸುಳೀಲೇಬಾರ್ದು.

ಒಂದು ಸಣ್ಣ ಉಪಾಯ, ಗಾತ್ರ ಸಣ್ಣ ಇದ್ರೆ ಭಾರೀ ಉಪಯೋಗ. ಹಳೇ ಗಾಡಿಯ ರಿಮ್ ಇರೋ ಚಕ್ರವನ್ನ ಬೊಡ್ಡೆಗೆ ಒತ್ತಿ ನೆಟ್ಟಗೆ ನಿಲ್ಸಿ, ಬುಡಕ್ಕೆ ಕಟ್ಟಿದ ಸರಪಳಿಯನ್ನ ಚಕ್ರದ ಮೇಲಿಂದ ಹಾಯ್ಸಿ ಎಳೀರಿ. ಅಡ್ಡ ಎಳೆತ ಮೇಲ್ಮುಖ ಆಗತ್ತೆ, ಬೊಡ್ಡೆ ನೆಲ ಉತ್ಕೊಂಡು ಬರೋ ಬದಲು ಎದ್ದು ಬರತ್ತೆ.

ಮೆಷಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಜೆಸಿಬಿ ಬಂದ್ರೆ ಕೆಲಸ ಬೇಗ ಮುಗಿಯತ್ತೆ ನಿಜ, ಗುಂಡಿ ದೊಡ್ಡದಾಗತ್ತೆ, ಮೇಲಿನ ಫಲವತ್ತಾದ ಮಣ್ಣು ಕೆಳಗೆ, ಕೆಳಗಿನ ಸತ್ತ ಮಣ್ಣು ಮೇಲೆ ಆಗೋಗತ್ತೆ, ಅದಕ್ಕೆ ಮೇಲ್ಮಣ್ಣನ್ನ ಬೇರೆ ಕಡೆ ರಾಶಿ ಹಾಕಿ ಅಂತ ಡ್ರೈವರ್‌ಗೆ ಮೊದ್ಲೇ ಹೇಳಿ. ಏಳೆಂಟು ಬೊಡ್ಡೆ ಇದ್ರೆ ಒಟ್ಟಿಗೆ ಕರೆಸೋದೇ ಲಾಭ. ಸ್ಟಂಪ್ ಗ್ರೈಂಡರ್ ಬೊಡ್ಡೆಯನ್ನ ಕೀಳಲ್ಲ, ಅರ್ಧ ಅಡಿಯಿಂದ ಒಂದಡಿ ಆಳದ ತನಕ ಪುಡಿ ಮಾಡತ್ತೆ ಅಷ್ಟೇ, ಬೇರು ಒಳಗೇ ಇರತ್ತೆ. ಸುತ್ತ ಇರೋ ಕಲ್ಲು, ತಂತಿ, ಮೊಳೆ ತೆಗೆದು ಕೊಡಿ, ಗುಂಡಿನ ಥರ ಹಾರತ್ತೆ.

ಅರ್ಜೆಂಟ್ ಇಲ್ಲ ಅನ್ನೋರು ಕೊಳೆಸಬಹುದು. ಮರ ಕೊಳೆಸೋದು ಶಿಲೀಂಧ್ರ, ಅದಕ್ಕೆ ತೇವ, ಗಾಳಿ, ಸಾರಜನಕ ಬೇಕು. ಮೇಲಿನಿಂದ ಒಂದಿಂಚು ಅಗಲ, ಎಂಟು ಹತ್ತು ಇಂಚು ಆಳದ ತೂತುಗಳನ್ನ ಹತ್ತಿರ ಹತ್ತಿರ ಕೊರೆದು ಯೂರಿಯಾನೋ ಹಸಿ ಸಗಣಿಯೋ ತುಂಬಿ, ಮಣ್ಣು ಎಲೆ ಮುಚ್ಚಿ ತೇವ ಆರದ ಹಾಗೆ ನೋಡ್ಕೊಳ್ಳಿ. ಮೆದು ಮರಕ್ಕೆ ಮೂರು ನಾಲ್ಕು ವರ್ಷ, ಕೆಚ್ಚಿರೋ ಮರಕ್ಕೆ ಹತ್ತು ದಾಟಿದ್ರೂ ಆಶ್ಚರ್ಯ ಇಲ್ಲ, ಗೆದ್ದಲು ಹತ್ತಿದ್ರೆ ಬೇಗ ಆಗತ್ತೆ, ಆದ್ರೆ ಮನೆ ಗೋಡೆ ಹತ್ರ ಗೆದ್ದಲಿಗೆ ಊಟ ಹಾಕಿ ಕೂರಿಸ್ಕೋಬೇಡಿ. ಕೆಲವರು ಹೇಳೋ ಎಪ್ಸಮ್ ಸಾಲ್ಟ್, ಅಡಿಗೆ ಉಪ್ಪು ಇವನ್ನೆಲ್ಲ ನಾನು ಒಪ್ಪಲ್ಲ, ಉಪ್ಪಿಂದ ಹಾಳಾಗೋದು ಸುತ್ತಲಿನ ಮಣ್ಣೇ.

ಚಿಗುರೋ ಜಾತಿ ಆದ್ರೆ ಚಿಗುರು ಕಂಡಾಗೆಲ್ಲ ಮುರೀತಾ ಇರಿ, ಬೇರಲ್ಲಿರೋ ಶಕ್ತಿ ಖಾಲಿ ಆಗಿ ಸೋಲತ್ತೆ. ಕಳೆನಾಶಕ ಹಚ್ಚೋದಾದ್ರೆ ನಿಮ್ಮಲ್ಲಿ ಅದಕ್ಕೆ ಅನುಮತಿ ಇದ್ಯಾ ನೋಡಿ, ಲೇಬಲ್ ಓದಿ, ಕೊಯ್ದ ಕೆಲವೇ ನಿಮಿಷದಲ್ಲಿ ತೊಗಟೆ ಒಳಗಿನ ಅಂಚಿಗೆ ಮಾತ್ರ ಬ್ರಷ್‌ನಲ್ಲಿ ಹಚ್ಚಿ. ನಡುವಿನ ಕೆಚ್ಚು ಸತ್ತಿರೋದೇ, ಅಲ್ಲಿ ಸುರಿದ್ರೆ ಔಷಧಿ ದಂಡ. ಪಕ್ಕದಲ್ಲಿ ಅದೇ ಜಾತಿ ಮರ ಇದ್ರೆ ಬೇರಿಗೆ ಬೇರು ಬೆಸೆದಿರಬಹುದು, ಔಷಧಿ ಅದಕ್ಕೂ ಹೋಗತ್ತೆ.

ಬೆಂಕಿ ಹಾಕೋದು ಸುಲಭ ಅನ್ಕೊಂಡಿರ್ತಾರೆ. ಹಸಿ ಬೊಡ್ಡೆ ತೂಕದಲ್ಲಿ ಅರ್ಧದಷ್ಟು ನೀರೇ ಇರತ್ತೆ, ಉರಿಯಲ್ಲ, ಬರೀ ಹೊಗೆ. ಒಣಗಿದ್ದಕ್ಕೆ ಹಾಕಿದ್ರೆ ಬೇರಿನ ಉದ್ದಕ್ಕೂ ಒಳಗೊಳಗೇ ಕೆಂಡ ಹರಿದು ದಿನಗಟ್ಟಲೆ ಆದ್ಮೇಲೆ ಬೇರೆಲ್ಲೋ ಏಳತ್ತೆ. ಬೇಸಿಗೆಯಲ್ಲಿ, ಒಣಹುಲ್ಲಿನ ಪಕ್ಕ, ಬೇಲಿ ಹತ್ರ ಬೇಡವೇ ಬೇಡ. ಪೆಟ್ರೋಲ್ ಸುರಿಯೋದನ್ನಂತೂ ಯೋಚ್ನೆ ಕೂಡ ಮಾಡ್ಬೇಡಿ.

ಗುಂಡಿ ಮುಚ್ಚೋದ್ರಲ್ಲೂ ಒಂದು ವಿಷಯ ಇದೆ. ಮರದ ಪುಡಿ, ಚೂರು ಬೇರು ಎಲ್ಲಾ ಒಳಗೆ ತಳ್ಳಿ ಮುಚ್ಬೇಡಿ, ಅದು ಕೊಳೆಯೋವಾಗ ಮಣ್ಣಲ್ಲಿರೋ ಸಾರಜನಕ ಎಳ್ಕೊಳ್ಳತ್ತೆ, ಮೇಲೆ ಹಾಕಿದ ಗಿಡ ಹಳದಿ ತಿರುಗತ್ತೆ. ಪುಡಿಯನ್ನ ಬೇರೆ ಗಿಡಗಳ ಬುಡಕ್ಕೆ ಮೇಲ್ಹೊದಿಕೆ ಮಾಡಿ. ಮಣ್ಣನ್ನ ಅರ್ಧ ಅಡಿ ಪದರ ಹಾಕಿ ತುಳಿದು, ನೀರು ಬಿಟ್ಟು, ಮತ್ತೆ ಹಾಕಿ, ಕೊನೆಗೆ ನೆಲದ ಮಟ್ಟಕ್ಕಿಂತ ಸ್ವಲ್ಪ ಉಬ್ಬಿರ್ಲಿ, ಒಂದು ಮಳೆಗಾಲಕ್ಕೆ ಇಳಿಯತ್ತೆ. ಅದೇ ಗುಂಡಿಗೆ ಹೊಸ ಸಸಿ ಇಡೋ ಆಸೆ ಇದ್ರೆ ಹಳೇ ಮರ ಯಾಕೆ ಸತ್ತಿತ್ತು ಅಂತ ಮೊದ್ಲು ನೋಡಿ, ತೆಂಗು ಅಡಿಕೆಗೆ ಬರೋ ಗ್ಯಾನೋಡರ್ಮಾ (ಒಂದು ಶಿಲೀಂಧ್ರ) ಥರದ ಬೇರುಕೊಳೆ ರೋಗದಿಂದ ಹೋಗಿದ್ರೆ ಬೇರಿನ ಚೂರೆಲ್ಲ ಹೆಕ್ಕಿ ತೆಗೆದು ಸುಟ್ಟು, ಹೊಸ ಸಸಿಯನ್ನ ಆ ಗುಂಡಿಯಿಂದ ಆದಷ್ಟು ದೂರಕ್ಕೆ ನೆಡಿ.