ಲೇಬಲ್ ಪ್ರಿಂಟ್‌ಗೆ ಕೊಡುವ ಮುಂಚೆ: ಮನೆ ಉಪ್ಪಿನಕಾಯಿ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸುವುದು ಹೇಗೆ?

ಸಾಗರದ ಹತ್ತಿರ ನಮ್ಮ ಅತ್ತಿಗೆ ಮನೆ. ಅಲ್ಲಿ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರ ತುಂಬ ಉಪ್ಪಿನಕಾಯಿ ಬಾಟಲಿಯ ಲೇಬಲ್ಲು. ಹಸಿರು ಬಣ್ಣ, ಮೂಲೆಯಲ್ಲಿ ತೊಟ್ಟು ಸಮೇತ ಎರಡು ಮಾವಿನ ಮಿಡಿ, ನಡುವೆ ದಪ್ಪ ಅಕ್ಷರದಲ್ಲಿ ‘ಮಲೆನಾಡು ಮಿಡಿ ಉಪ್ಪಿನಕಾಯಿ’. ಪ್ರಿಂಟ್ ಹಾಕಿಸಿದ್ದು ಎರಡು ಸಾವಿರ, ಬಾಟಲಿಗೆ ಅಂಟಿದ್ದು ಮುನ್ನೂರು. ಉಳಿದವುಗಳ ಬೆನ್ನ ಮೇಲೆ ಅತ್ತಿಗೆ ಈಗ ಹಾಲಿನ ಲೆಕ್ಕ ಬರೆಯುತ್ತಾರೆ.

ಆಗಿದ್ದಿಷ್ಟು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಅವರ ಬಾಟಲಿ ಪಕ್ಕಕ್ಕೆ ಇನ್ನಿಬ್ಬರ ಬಾಟಲಿ ಬಂದು ಕೂತವು. ಹೆಸರು ಅದೇ, ಹೆಚ್ಚುಕಮ್ಮಿ ಬಣ್ಣವೂ ಅದೇ. ಯಾರದ್ದೋ ಮಿಡಿ ಮೆತ್ತಗಾಗಿದ್ದಕ್ಕೆ ಗಿರಾಕಿಯೊಬ್ಬರು ಅತ್ತಿಗೆಗೆ ಫೋನ್ ಮಾಡಿ ಬೈದರು. ‘ಆ ಹೆಸರು ನಮ್ದು’ ಅಂತ ಜಗಳಕ್ಕೆ ಹೊರಟರೆ, ಹಾಗೆ ಹೇಳೋಕೇ ಬರೋದಿಲ್ಲ ಅಂತ ಗೊತ್ತಾಯಿತು. ಆಮೇಲೆ ಟ್ರೇಡ್‌ಮಾರ್ಕ್ ಅಂತ ಓಡಾಡಿದ್ದು ನಾನು. ಎರಡು ಅರ್ಜಿ ಹಾಕಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಉದ್ಯಮ್ ಸರ್ಟಿಫಿಕೇಟ್ ಇದೆ, ಜಿಎಸ್‌ಟಿಯಲ್ಲೂ ಅದೇ ಹೆಸರು, ಇನ್ನೇನು ಬೇಕು?’ ಅಂತ ತುಂಬ ಜನ ಕೇಳುತ್ತಾರೆ. ಇವು ಯಾವುದೂ ಹೆಸರನ್ನು ಕಾಯುವುದಿಲ್ಲ. ಒಂದು ಆಹಾರ ಸುರಕ್ಷತೆಗೆ, ಒಂದು ಉದ್ದಿಮೆಯ ಗುರುತಿಗೆ, ಇನ್ನೊಂದು ತೆರಿಗೆಗೆ. ಹೆಸರು ಕಾಯುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ.

ಹೆಸರು ಹುಡುಕುವುದೇ ದೊಡ್ಡ ಕೆಲಸ

ಅತ್ತಿಗೆಯ ಮೊದಲ ಅರ್ಜಿಗೆ ಬಂದ ಆಕ್ಷೇಪಣೆ ಕಾಯ್ದೆಯ 9ನೇ ಸೆಕ್ಷನ್ನಿನದು. ಸರಕು ಏನು, ಎಂಥದ್ದು, ಎಲ್ಲಿಯದು ಎಂದಷ್ಟೇ ಹೇಳುವ ಪದವನ್ನು ಒಬ್ಬರ ಹೆಸರಿಗೆ ಬರೆದುಕೊಡುವುದಿಲ್ಲ ಅಂತ ಅದರ ತಿರುಳು. ಮಲೆನಾಡು ಸೀಮೆಯ ಹೆಸರಾಯಿತು, ಮಿಡಿ ಸರಕಿನ ಹೆಸರಾಯಿತು, ಉಪ್ಪಿನಕಾಯಿಯಂತೂ ಹೇಳುವುದೇ ಬೇಡ. ಮೂರೂ ಎಲ್ಲರ ಪದ. ನಾಳೆ ತೀರ್ಥಹಳ್ಳಿಯವರೂ ಬಾಟಲಿ ಮೇಲೆ ಹಾಗೆ ಬರೆಯಬೇಕಲ್ವಾ?

ಕನ್ನಡದಲ್ಲಿದ್ದರೆ ಅರ್ಜಿ ನೋಡುವ ಚೆನ್ನೈ ಕಚೇರಿಯವರಿಗೆ ಗೊತ್ತಾಗಲಿಕ್ಕಿಲ್ಲ ಅಂದುಕೊಳ್ಳಬೇಡಿ. ಕನ್ನಡ ಅಕ್ಷರದ ಹೆಸರಿಗೆ ಅರ್ಜಿಯಲ್ಲೇ ಇಂಗ್ಲಿಷ್ ಉಚ್ಚಾರ ಮತ್ತು ಅರ್ಥ ಬರೆದುಕೊಡಬೇಕು. ‘ಮಿಡಿ ಅಂದರೆ ಎಳೆ ಮಾವಿನಕಾಯಿ’ ಅಂತ ನಾವೇ ನಮ್ಮ ಕೈಯಾರೆ ಬರೆದುಕೊಟ್ಟೆವು!

ಹಾಗಾದರೆ ಎಂಥ ಹೆಸರು ನಿಲ್ಲುತ್ತದೆ? ಸರಕಿಗೂ ಹೆಸರಿಗೂ ನೇರ ಸಂಬಂಧ ಇಲ್ಲದ್ದು. ಉದಾಹರಣೆಗೆ, ಹಳ್ಳ ದಾಟಲು ಅಡಿಕೆ ಮರದ ದಬ್ಬೆ ಹಾಕಿ ಕಟ್ಟುವ ಕಾಲುಸಂಕ. ಉಪ್ಪಿನಕಾಯಿಗೂ ಅದಕ್ಕೂ ಏನೂ ನಂಟಿಲ್ಲ, ಆದರೆ ಕೇಳಿದ ಕೂಡಲೇ ಯಾವ ಸೀಮೆಯದು ಅಂತ ಗೊತ್ತಾಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಇಂಥ ಪದ ಬೇಕಾದಷ್ಟಿವೆ. ಅವನ್ನು ಬಿಟ್ಟು ಎಲ್ಲರೂ ‘ಅಮ್ಮನ ಕೈರುಚಿ’, ‘ಅಜ್ಜಿ ಮನೆ’ ಅಂತಲೇ ಯಾಕೆ ಹೋಗುತ್ತಾರೋ. ಅತ್ತಿಗೆ ಕೊನೆಗೆ ಆರಿಸಿದ ಹೆಸರು ಕಾಲುಸಂಕ ಅಲ್ಲ. ಅದನ್ನು ಇಲ್ಲಿ ಬರೆದರೆ ಜಾಹೀರಾತು ಆಗುತ್ತದೆ, ಬಿಡಿ.

ವಿವರಿಸುವ ಹೆಸರಿಗೆ ದಾರಿಯೇ ಇಲ್ಲವೆಂದಲ್ಲ. ತುಂಬ ವರ್ಷದಿಂದ ಬಳಸಿ, ಜನ ಆ ಹೆಸರು ಕೇಳಿದರೆ ನಿಮ್ಮನ್ನೇ ನೆನೆಯುತ್ತಾರೆ ಅಂತ ತೋರಿಸಿದರೆ ಸಿಗಬಹುದು. ಆದರೆ ಅದಕ್ಕೆ ಬಿಲ್ಲು, ಜಾಹೀರಾತು, ವಹಿವಾಟಿನ ಲೆಕ್ಕ ಎಲ್ಲ ಬೇಕು. ಮನೆ ಉದ್ಯಮಕ್ಕೆ ಅದು ಸುಲಭವಲ್ಲ.

ಹುಡುಕಾಟ, ವರ್ಗ, ಫೀಸು

ನಾಲ್ಕೈದು ಹೆಸರು ಬರೆದಿಟ್ಟುಕೊಂಡು ಟ್ರೇಡ್‌ಮಾರ್ಕ್ ಕಚೇರಿಯ ಐಪಿ ಇಂಡಿಯಾ ವೆಬ್‌ಸೈಟಿನ ಟ್ರೇಡ್‌ಮಾರ್ಕ್ ಸರ್ಚ್‌ಗೆ ಹೋಗಿ. ದುಡ್ಡು ಕೊಡಬೇಕಿಲ್ಲ. ಬರಹ ನೋಡುವ ವರ್ಡ್‌ಮಾರ್ಕ್ ಸರ್ಚ್ ಒಂದು, ಉಚ್ಚಾರ ನೋಡುವ ಫೊನೆಟಿಕ್ ಸರ್ಚ್ ಇನ್ನೊಂದು. ಎರಡೂ ಮಾಡಿ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ದೀರ್ಘಕ್ಕೆ ಒಂದು ‘ಎ’ ಹಾಕಿದವರು, ಎರಡು ಹಾಕಿದವರು, ‘ಳ’ಕ್ಕೆ ‘ಲ’ ಬರೆದವರು, ಎಲ್ಲರನ್ನೂ ಹುಡುಕಬೇಕು. ಕಿವಿಗೆ ಒಂದೇ ಥರ ಕೇಳಿದರೂ ತಕರಾರು ಬರುತ್ತದೆ.

ಹುಡುಕುವಾಗ ವರ್ಗ ಕೇಳುತ್ತದೆ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ಉಪ್ಪಿನಕಾಯಿ, ಜಾಮ್, ಹಲಸಿನ ಚಿಪ್ಸ್ 29ರಲ್ಲಿ. ಜೇನುತುಪ್ಪ, ಕಾಫಿಪುಡಿ, ಮಸಾಲೆ ಪುಡಿ, ಚಟ್ನಿ 30ರಲ್ಲಿ. ತಾಜಾ ಹಣ್ಣು, ಕಾಯಿ 31ರಲ್ಲಿ. ಫೀಸು ವರ್ಗಕ್ಕೆ ಇಷ್ಟು ಅಂತ ಇರುವುದರಿಂದ, ಮುಂದೊಂದು ದಿನ ಜೇನೂ ಮಾರಬಹುದು ಅಂತ ಸುಮ್ನೆ ಹತ್ತು ವರ್ಗ ಗುರುತು ಹಾಕಬೇಡಿ. ತೆಗೆದುಕೊಂಡ ಹೆಸರನ್ನು ಐದು ವರ್ಷ ಮೂರು ತಿಂಗಳು ಬಳಸದೇ ಬಿಟ್ಟರೆ ತೆಗೆಸಿಹಾಕಲು ಬೇರೆಯವರು ಅರ್ಜಿ ಹಾಕಬಹುದು.

ಒಂದು ವರ್ಗಕ್ಕೆ ಆನ್‌ಲೈನ್ ಫೀಸು ವ್ಯಕ್ತಿ, ಸಣ್ಣ ಉದ್ದಿಮೆ, ಸ್ಟಾರ್ಟಪ್‌ಗಳಿಗೆ 4,500 ರೂಪಾಯಿ. ಉಳಿದವರಿಗೆ 9,000. ಸಣ್ಣ ಉದ್ದಿಮೆ ಅಂತ ತೋರಿಸಲು ಉದ್ಯಮ್ ಸರ್ಟಿಫಿಕೇಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅರ್ಜಿ ಬಿದ್ದುಹೋದರೆ ದುಡ್ಡು ವಾಪಸ್ ಇಲ್ಲ.

ಯಾರ ಹೆಸರಲ್ಲಿ ಅರ್ಜಿ ಅನ್ನುವುದನ್ನು ಮೊದಲೇ ಕೂತು ಮಾತಾಡಿ. ಸ್ವಸಹಾಯ ಸಂಘದ ಹತ್ತು ಜನ ಸೇರಿ ಮಾಡಿದ ಉಪ್ಪಿನಕಾಯಿಗೆ ‘ಸದ್ಯಕ್ಕೆ ನನ್ನ ಹೆಸರಲ್ಲೇ ಇರಲಿ’ ಅಂತ ಒಬ್ಬರು ಹಾಕಿದರೆ, ಕಾಗದದ ಪ್ರಕಾರ ಹೆಸರು ಅವರದ್ದೇ. ಆಮೇಲಿನ ಜಗಳ ಬಿಡಿಸುವುದು ಕಷ್ಟ.

ಅರ್ಜಿ ಹಾಕುವಾಗ

ಫಾರಂ ಹೆಸರು ಟಿಎಂ-ಎ. ಕರ್ನಾಟಕಕ್ಕೆ ಚೆನ್ನೈ ಕಚೇರಿ, ಆದರೆ ಓಡಾಟ ಬೇಕಿಲ್ಲ. ಆನ್‌ಲೈನ್ ಅರ್ಜಿಗೆ ಡಿಜಿಟಲ್ ಸಹಿ ಬೇಕು. ಅದನ್ನು ಮಾಡಿಸಿಕೊಳ್ಳುವ ತಲೆನೋವು ಬೇಡವೆಂದರೆ ವಕೀಲರ ಅಥವಾ ಟ್ರೇಡ್‌ಮಾರ್ಕ್ ಏಜೆಂಟರ ಮೂಲಕ ಹಾಕಿಸಿ. ದುಡ್ಡು ಒಂದೇ ಅರ್ಜಿಗೆ ಸಾಕಾಗುವಷ್ಟಿದ್ದರೆ ಲೋಗೋ ಬದಲು ಬರೀ ಪದಕ್ಕೆ ಹಾಕಿ. ಲೋಗೋ ನಾಳೆ ಬದಲಾಗುತ್ತದೆ, ಹೆಸರು ಉಳಿಯುತ್ತದೆ.

ಯಾವಾಗಿನಿಂದ ಬಳಸುತ್ತಿದ್ದೀರಿ ಅಂತ ಫಾರಂ ಕೇಳುತ್ತದೆ. ಇನ್ನೂ ಶುರು ಮಾಡಿಲ್ಲವಾದರೆ ಹಾಗೇ ಹೇಳಿ, ತಪ್ಪಿಲ್ಲ. ಶುರು ಮಾಡಿದ್ದರೆ ತಾರೀಕು, ಅದಕ್ಕೊಂದು ಅಫಿಡವಿಟ್, ಜೊತೆಗೆ ದಾಖಲೆ. ಇಲ್ಲಿ ಬಿಲ್ಲಿಗಿಂತ ದೊಡ್ಡ ನೆಂಟರಿಲ್ಲ. ನಮ್ಮ ದೇಶದಲ್ಲಿ ಮೊದಲು ನೋಂದಾಯಿಸಿದವರಿಗಿಂತ ಮೊದಲು ಬಳಸಿದವರ ಹಕ್ಕು ಗಟ್ಟಿ, 34ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ಮೊದಲು ಬಳಸಿದ್ದು ಅಂತ ತೋರಿಸೋದು ಹೇಗೆ? ಅತ್ತಿಗೆ ಹತ್ತಿರ ಇದ್ದದ್ದು ಬರೀ ಒಂದು ಲೆಕ್ಕದ ಪುಸ್ತಕ. ‘ಶೆಟ್ಟರ ಅಂಗಡಿ 12, ಬಾಕಿ’ ಅಂತೆಲ್ಲ ಪೆನ್ಸಿಲ್ಲಿನಲ್ಲಿ. ಬ್ರ್ಯಾಂಡಿನ ಹೆಸರೇ ಅದರಲ್ಲಿಲ್ಲ. ಹತ್ತು ಬಾಟಲಿ ಕೊಟ್ಟರೂ ಸರಿ, ಹೆಸರು ಮತ್ತು ತಾರೀಕು ಇರುವ ಬಿಲ್ ಹರಿಯಿರಿ.

ಇನ್ನೊಂದು ವಿಷಯ, ನಾವು ಸೋತದ್ದು ಇಲ್ಲೇ. ಅರ್ಜಿಯಲ್ಲಿ ಇಮೇಲ್ ನಿಮ್ಮದನ್ನೂ ಕೊಡಿ. ನಮ್ಮ ಮೊದಲ ಅರ್ಜಿಯಲ್ಲಿ ಏಜೆಂಟರು ತಮ್ಮದನ್ನು ಮಾತ್ರ ಹಾಕಿದ್ದರು. ಪರೀಕ್ಷಾ ವರದಿ, ಅಂದರೆ ಅರ್ಜಿ ನೋಡಿ ಕಚೇರಿ ತನ್ನ ತಕರಾರು ಬರೆದು ಕಳಿಸುವ ಕಾಗದ, ಅವರಿಗೆ ಬಂತು, ಅವರು ನಮಗೆ ಹೇಳಲಿಲ್ಲ. ಉತ್ತರ ಕೊಡಲು ಇರುವುದು ವರದಿ ಸಿಕ್ಕಿದ ಮೇಲೆ ಒಂದು ತಿಂಗಳು. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ನಾನು ವೆಬ್‌ಸೈಟಿನಲ್ಲಿ ಸ್ಟೇಟಸ್ ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ‘ಎಂತ ಮಾರಾಯ, ಕಾಗದ ಬಂದ್ರೆ ಪೋಸ್ಟ್‌ಮ್ಯಾನ್ ಆದ್ರೂ ಹೇಳ್ತಿದ್ದ’ ಅಂದರು ಅತ್ತಿಗೆ. ಆ ಹೆಸರು ಉತ್ತರ ಕೊಟ್ಟಿದ್ದರೂ ನಿಲ್ಲುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಅರ್ಜಿ ನಂಬರ್ ಫೋನಿನಲ್ಲಿ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಸ್ಟೇಟಸ್ ನೋಡುವ ಅಭ್ಯಾಸ ಮಾಡಿ.

ಸ್ಟೇಟಸ್‌ನಲ್ಲಿ ‘ಅಬ್ಜೆಕ್ಟೆಡ್’ ಅಂತ ಬಂದರೆ ಕಚೇರಿಯ ತಕರಾರು. ‘ಅಪೋಸ್ಡ್’ ಅಂತ ಬಂದರೆ ಹೊರಗಿನವರ ತಕರಾರು. ಮೊದಲನೆಯದು ತುಂಬ ಜನರಿಗೆ ಬರುವಂಥದ್ದೇ, ಗಾಬರಿ ಬೇಡ, ಬರೆದು ಉತ್ತರಿಸಬಹುದು. ಉತ್ತರ ಸಾಲದಿದ್ದರೆ ವಿಚಾರಣೆಗೆ ಕರೆಯುತ್ತಾರೆ. ಅದೀಗ ವಿಡಿಯೊ ಕಾನ್ಫರೆನ್ಸಿನಲ್ಲಿ. ಚೆನ್ನೈಗೆ ರೈಲು ಹತ್ತುವುದು ತಪ್ಪಿತು, ಆದರೆ ನಮ್ಮಲ್ಲಿ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಲ್ಲ! ಎರಡನೇ ಅರ್ಜಿಯ ವಿಚಾರಣೆ ದಿನ ಮಳೆ ಬೇರೆ. ಪೇಟೆಯ ಸಂಬಂಧಿಕರ ಮನೆಗೆ ಹೋಗಿ ಕೂತೆವು. ನೀವೂ ಹಾಗೇ ಮಾಡಿ.

ಒಪ್ಪಿಗೆಯಾದರೆ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರೂ ವಿರೋಧ ಹಾಕದಿದ್ದರೆ ನೋಂದಣಿ. ಅಲ್ಲಿಯವರೆಗೆ ಹೆಸರಿನ ಪಕ್ಕ ಇಂಗ್ಲಿಷಿನ ‘ಟಿಎಂ’ ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ನೋಂದಣಿ ಆದ ಮೇಲಷ್ಟೇ, ಅದಕ್ಕೂ ಮುಂಚೆ ಹಾಕಿದರೆ ಕಾನೂನಿನ ಪ್ರಕಾರ ತಪ್ಪು. ನೋಂದಣಿಯ ದೊಡ್ಡ ಲಾಭ ಮುಂದೆ ಗೊತ್ತಾಗುತ್ತದೆ. ದೂರದೂರಿನವರು ನಿಮ್ಮ ಹೆಸರು ಕದ್ದರೆ, ಅವರ ಊರಿಗೆ ಹೋಗದೆ ನೀವಿರುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹಾಕಬಹುದು.

ಅಪ್ಪೆಮಿಡಿ ಹೆಸರು ಯಾರದ್ದು?

ಉಪ್ಪಿನಕಾಯಿಗೆ ಹಾಕುವ ನಮ್ಮ ಕಡೆಯ ಮಾವಿನ ಮಿಡಿ ಅಪ್ಪೆಮಿಡಿಗೆ ಜಿಐ, ಅಂದರೆ ಭೌಗೋಳಿಕ ಗುರುತು ಇದೆ. ಶಿರಸಿ ಅಡಿಕೆಗೂ 2019ರಲ್ಲಿ ಸಿಕ್ಕಿತು. ಟ್ರೇಡ್‌ಮಾರ್ಕ್ ಒಬ್ಬರ ಸೊತ್ತಾದರೆ ಜಿಐ ಇಡೀ ಸೀಮೆಯ ಸೊತ್ತು. ಅಪ್ಪೆಮಿಡಿ ಬೆಳೆಯುವವರು ಅದರ ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಿಕೊಳ್ಳಬಹುದು. ಫಾರಂ ಜಿಐ-3, ಕಚೇರಿ ಚೆನ್ನೈನಲ್ಲೇ. 2020ರಲ್ಲಿ ಅದರ ಫೀಸನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಹತ್ತೇ ರೂಪಾಯಿ! ಆದರೂ ನಮ್ಮ ಕಡೆ ಇದನ್ನು ಮಾಡಿಸಿದವರು ನನಗಂತೂ ಸಿಕ್ಕಿಲ್ಲ. ಹೊಳೆ ದಂಡೆಯ ಮರ ಹತ್ತಿ, ತೊಟ್ಟು ಮುರಿಯದ ಹಾಗೆ, ಸೊನೆ ಹೋಗದ ಹಾಗೆ ಕೊಯ್ಯುವವರಿಗೆ ಈ ಗುರುತು ಸಲ್ಲಬೇಕು.

ಸೊನೆಯ ವಾಸನೆ ಅಂದಾಗ ಇನ್ನೊಂದು ನೆನಪಾಯಿತು. 2025ರ ನವೆಂಬರಿನಲ್ಲಿ ನಮ್ಮ ದೇಶದ ಟ್ರೇಡ್‌ಮಾರ್ಕ್ ಕಚೇರಿ ಮೊದಲ ಸಲ ಒಂದು ವಾಸನೆಯನ್ನು ಗುರುತಾಗಿ ಒಪ್ಪಿ ಪ್ರಕಟಣೆಗೆ ಬಿಟ್ಟಿತು. ಜಪಾನಿನ ಸುಮಿಟೊಮೊ ಕಂಪನಿಯ ಟೈರಿಗೆ ಗುಲಾಬಿ ಪರಿಮಳ. ಇದನ್ನು ಕೇಳಿದ ಅತ್ತಿಗೆ ಜೀರಿಗೆ ಮಿಡಿಯ ವಾಸನೆಗೂ ಹಾಕೋಣ ಅಂದರು. ಆಗುವುದಿಲ್ಲ. ಟೈರಿಗೆ ಗುಲಾಬಿ ವಾಸನೆ ತಾನಾಗಿ ಬರುವುದಿಲ್ಲ, ಜೀರಿಗೆ ಮಿಡಿಗೆ ಜೀರಿಗೆ ವಾಸನೆ ಹುಟ್ಟಿನಿಂದಲೇ ಇದೆ.

ಉಳಿದ ಎರಡು ಮಾತು

ಲೇಬಲ್ಲಿನ ಚಿತ್ರ ಬರೆದವರು ಯಾರು? ಡಿಟಿಪಿ ಅಂಗಡಿಯ ಹುಡುಗನಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಅವನು ಬಿಡಿಸಿದ ಲೋಗೋದ ಕಾಪಿರೈಟ್ ನಿಮ್ಮದಾಗುವುದಿಲ್ಲ. ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಒಂದು ಕಾಗದದಲ್ಲಿ ಸಹಿ ಹಾಕಿಸಿಕೊಳ್ಳಿ. ಎಐ ಆ್ಯಪಿನಲ್ಲಿ ಲೋಗೋ ಮಾಡಿಸುವವರು ಈಗ ಜಾಸ್ತಿ. ಅದೇ ಆ್ಯಪು ಪಕ್ಕದ ಊರಿನವರಿಗೂ ಅಂಥದ್ದೇ ಮಿಡಿ, ಅಂಥದ್ದೇ ಎಲೆ ಬಿಡಿಸಿಕೊಟ್ಟಿರಬಹುದು, ನೋಡಿಕೊಳ್ಳಿ.

ಅರ್ಜಿ ಹಾಕಿದ ಮೇಲೆ ನಿಮ್ಮ ವಿವರ ಎಲ್ಲರಿಗೂ ಕಾಣುತ್ತದೆ. ‘ನಿಮ್ಮ ಬ್ರ್ಯಾಂಡ್ ಕ್ಯಾನ್ಸಲ್ ಆಗ್ತಿದೆ, ಇವತ್ತೇ ದುಡ್ಡು ಹಾಕಿ’ ಅಂತ ಫೋನ್, ಮೇಲ್ ಬರಬಹುದು. ಸರ್ಕಾರಿ ಫೀಸು ಕಟ್ಟುವುದು ಪೋರ್ಟಲ್‌ನಲ್ಲಿ, ಯಾರದ್ದೋ ಯುಪಿಐ ನಂಬರಿಗಲ್ಲ.

ನೋಂದಣಿಯ ಆಯಸ್ಸು, ಅರ್ಜಿ ಹಾಕಿದ ತಾರೀಕಿನಿಂದ ಹತ್ತು ವರ್ಷ. ಆಮೇಲೆ ಟಿಎಂ-ಆರ್ ಫಾರಂನಲ್ಲಿ ನವೀಕರಣ, ಆನ್‌ಲೈನ್ ಫೀಸು ವರ್ಗಕ್ಕೆ 9,000 ರೂಪಾಯಿ. ಅದಕ್ಕೆ ಅರ್ಧ ರೇಟಿನ ರಿಯಾಯಿತಿ ಇಲ್ಲ.