ಕೋವಿಗಿಂತ ದುರ್ಬೀನಿಗೇ ಜಾಸ್ತಿ ದುಡ್ಡು ಹಾಕಿದೆ: ಅರಿಜೋನಾದ ಜಿಂಕೆ ಬೇಟೆಯಲ್ಲಿ ನನ್ನ ಅನುಭವ

ಕಳೆದ ಮೂರು ಟ್ಯಾಗಿಗೆ (ಒಂದು ಜಿಂಕೆ ಹೊಡೆಯಲು ಕೊಡುವ ಪರವಾನಗಿ) ಮೂರು ಗಂಡು ಜಿಂಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರುವುದರಲ್ಲಿ ಮುಕ್ಕಾಲು ಪಾಲು ಸೋಲಿನ ಲೆಕ್ಕ, ಓದಿ ಅರ್ಧಕ್ಕೆ ಬಿಟ್ಟುಬಿಡಬೇಡಿ. "550 ಡಾಲರಿನ ಕೋವಿಗೆ 1,900 ಡಾಲರಿನ ಬೈನಾಕ್ಯುಲರ್ ತಗೊಂಡ ಮಹಾನುಭಾವ" ಅಂತ ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಯಾವ ಮಾಡೆಲ್ಲು, ಎಲ್ಲಿ ತಗೊಂಡೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಒಮ್ಮೆಗೇ ಬರೆದುಬಿಡೋಣ ಅಂತ.

ನಾನು ಕೊಡಗಿನವನು. ಮನೆಯಲ್ಲಿ ತಾತನ ಜೋಡು ನಳಿಗೆ ಕೋವಿ ಗೋಡೆಗೆ ತೂಗಿತ್ತು. ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಊರಲ್ಲಿ ಬೇಟೆ ಅನ್ನುವುದು ದೊಡ್ಡಪ್ಪನ ಬಾಯಲ್ಲಿ ಮಾತ್ರ ಉಳಿದಿತ್ತು. ಅರಿಜೋನಾಕ್ಕೆ ಬಂದು, ಗ್ರೀನ್ ಕಾರ್ಡ್ ಸಿಕ್ಕಿ, ಟೂಸಾನ್ ಹತ್ತಿರ ನೆಲೆಸಿದ ಮೇಲೆ ಇಲ್ಲಿ ಲೈಸೆನ್ಸ್ ಮಾಡಿಸಿ ಡ್ರಾ, ಅಂದರೆ ಟ್ಯಾಗಿನ ಲಾಟರಿ, ಹಾಕಿ ಸಿಕ್ಕಿದರೆ ವರ್ಷಕ್ಕೊಂದು ಜಿಂಕೆ ಹೊಡೆಯಬಹುದು ಅಂತ ಗೊತ್ತಾದಾಗ ಕೈ ಕಟ್ಟಿ ಕೂರಲು ಆಗಲಿಲ್ಲ.

ಇಲ್ಲಿನ ಬೆಟ್ಟಗಳ ಜಿಂಕೆಗೆ ಕೂಸ್ ಅಂತ ಹೆಸರು. ಎಲಿಯಟ್ ಕೂಸ್ ಅನ್ನುವ ಸೈನ್ಯದ ಡಾಕ್ಟರ್ ಮತ್ತು ಪಕ್ಷಿ ಪಂಡಿತನ ಹೆಸರಿಟ್ಟಿದ್ದು. ಅವನು ತನ್ನ ಹೆಸರನ್ನು 'ಕೌಸ್' ಅನ್ನುತ್ತಿದ್ದನಂತೆ, ಬೇಟೆಯವರೆಲ್ಲ ಕೂಸ್ ಅನ್ನುತ್ತಾರೆ. ನಮಗೆ ಅದೇ ಸರಿ, ಗಾತ್ರದಲ್ಲೂ ಅದು ಕೂಸೇ. ಬೆಳೆದ ಗಂಡು ನೂರು ಪೌಂಡ್ ಇದ್ದರೆ ದೊಡ್ಡದು. ಬಣ್ಣ ಬೂದು, ಬೆಟ್ಟದ ಕಲ್ಲಿನದೂ ಅದೇ ಬಣ್ಣ. ಓಕ್ ಮರದ ನೆರಳಲ್ಲಿ ಮಲಗಿದರೆ ಮುಗಿಯಿತು, ಕಲ್ಲು ಯಾವುದು ಜಿಂಕೆ ಯಾವುದು ಅಂತ ದೇವರಿಗೇ ಗೊತ್ತು.

2017ರಲ್ಲಿ ಮೊದಲ ಟ್ಯಾಗ್. ದೊಡ್ಡ ಅಂಗಡಿಯೊಂದರಲ್ಲಿ 120 ಡಾಲರಿಗೆ 10x50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲದ್ದು) ತಗೊಂಡಿದ್ದೆ. ಪೆಟ್ಟಿಗೆಯ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿತ್ತು. ಎರಡನೇ ಬೆಳಿಗ್ಗೆ ಚಳಿಗೆ ಒಳಗಡೆಯೇ ಮಂಜು ಕಟ್ಟಿತು. ಹೊರಗಿನ ಮಂಜಾದರೆ ಬಟ್ಟೆಯಲ್ಲಿ ಒರೆಸಬಹುದು, ಒಳಗಿನದ್ದಕ್ಕೆ ಏನು ಮಾಡುತ್ತೀರಿ? ಅದಕ್ಕಿಂತ ಕೆಟ್ಟದ್ದು ತಲೆನೋವು. ಹತ್ತು ಗಂಟೆಯೊಳಗೆ ಕಣ್ಣಿನ ಹಿಂದೆ ಯಾರೋ ತಿರುಪು ಬಿಗಿದ ಹಾಗೆ. ನನ್ನ ಕನ್ನಡಕದ ನಂಬರ್ ಬದಲಾಗಿದೆ ಅಂತ ಡಾಕ್ಟರ ಹತ್ತಿರ ಹೋಗಿ ಬಂದೆ, ಕಣ್ಣು ಸರಿಯಾಗಿಯೇ ಇತ್ತು. ಎಡಗಡೆಯ ಕೊಳವೆ ಬಲಗಡೆಯದರ ಜೊತೆ ಒಂದೇ ಕಡೆ ನೋಡುತ್ತಿರಲಿಲ್ಲ, ಆ ಎರಡು ಚಿತ್ರ ಜೋಡಿಸುವ ಕೆಲಸವನ್ನು ಪಾಪ ನನ್ನ ತಲೆ ಮಾಡುತ್ತಿತ್ತು. ಆರು ದಿನದಲ್ಲಿ ಕಂಡಿದ್ದು ನಾಲ್ಕು ಹೆಣ್ಣು, ಒಂದು ಹಸು.

2018ರಲ್ಲಿ ಇನ್ನೂ ದೊಡ್ಡ ಪೆದ್ದುತನ. ದುಡ್ಡನ್ನು ಕೋವಿಯ ಸ್ಕೋಪಿಗೆ ಹಾಕಿದೆ. ಸುಮಾರು 900 ಡಾಲರ್. ಕಾಣದ ಜಿಂಕೆಗೆ ಗುರಿ ಇಡಲು ಎಷ್ಟು ಒಳ್ಳೆಯ ಸ್ಕೋಪ್ ಇದ್ದರೇನು ಅಂತ ಆಗ ಹೊಳೆಯಲೇ ಇಲ್ಲ. ಸ್ಕೋಪಿನಲ್ಲಿ ಬೆಟ್ಟ ಹುಡುಕುವುದಂತೂ ಮಾಡಲೇಬಾರದ ಕೆಲಸ, ಆ ಕಡೆ ಪೊದೆಯ ಹಿಂದೆ ಇನ್ನೊಬ್ಬ ಮನುಷ್ಯ ಇದ್ದರೆ ಕೋವಿ ಅವನ ಎದೆಗೆ ಹಿಡಿದ ಹಾಗೆ. ಆ ವರ್ಷ 230 ಡಾಲರಿನ 10x42 ಸಹ ತಗೊಂಡೆ. ಅದು ಪರವಾಗಿಲ್ಲ, ಈಗಲೂ ಕಾರಿನಲ್ಲಿದೆ. ಆದರೆ ಕೈಯಲ್ಲಿ ಹಿಡಿದು ನೋಡಿದ್ದು. ಕೈಯಲ್ಲಿ ಹಿಡಿದರೆ ಹತ್ತರ ಪವರೂ ಎದೆಬಡಿತಕ್ಕೆ ಕುಣಿಯುತ್ತದೆ, ಬೆಟ್ಟ ಹತ್ತಿ ಏದುಸಿರು ಬಿಡುವಾಗಂತೂ ಕೇಳಲೇಬೇಡಿ. ಬೆಟ್ಟದಿಂದ ಬೆಟ್ಟಕ್ಕೆ ನಡೆದು ನಡೆದು ಎಂಟು ಪೌಂಡ್ ತೂಕ ಇಳಿಸಿದೆ. ಓಡಿಹೋಗುವ ಜಿಂಕೆಯ ಬಿಳಿ ಬಾಲ ಬೇಕಾದಷ್ಟು ಸಲ ನೋಡಿದೆ.

2019ರಲ್ಲಿ ಡ್ರಾ ಸಿಗಲಿಲ್ಲ. ಒಳ್ಳೆಯದೇ ಆಯಿತು. ಆ ಚಳಿಗಾಲ ಸಾಂಟಾ ರೀಟಾ ಬೆಟ್ಟದ ಕಡೆ ಸುಮ್ನೆ ನಡೆಯಲು ಹೋದಾಗ ಎಪ್ಪತ್ತು ದಾಟಿದ ಒಬ್ಬ ಸ್ಥಳೀಯ ಮುದುಕ ಮಡಿಸುವ ಕುರ್ಚಿ ಹಾಕಿಕೊಂಡು, ಟ್ರೈಪಾಡ್ ಮೇಲೆ 15x56 ಇಟ್ಟುಕೊಂಡು ಕೂತಿದ್ದ. ಮಾತಾಡಿಸಿದೆ. ಬಾ ನೋಡು ಅಂದ. ನೋಡಿದೆ, ಬರೀ ಬೆಟ್ಟ. ಇನ್ನೂ ನೋಡು ಅಂದ. ಒಂದು ನಿಮಿಷ ಆದ ಮೇಲೆ ಒಂದು ಕಿವಿ ಅಲ್ಲಾಡಿತು. ಆ ಕಿವಿಯ ಸುತ್ತ ನಿಧಾನಕ್ಕೆ ಜಿಂಕೆ ಮೂಡಿತು. ಅದರ ಪಕ್ಕ ಇನ್ನೊಂದು. ಹತ್ತಿರ ಹತ್ತಿರ ಒಂದು ಮೈಲಿ ದೂರ. ಮನೆಗೆ ಬರುವ ದಾರಿಯಲ್ಲೇ ತೀರ್ಮಾನ ಆಗಿತ್ತು.

ಸ್ವರೋವ್ಸ್ಕಿ ಎಸ್‌ಎಲ್‌ಸಿ 15x56. ಹೊಸದಕ್ಕೆ ಆಗ 2,300ರ ಮೇಲಿತ್ತು ಅಂತ ನೆನಪು. ಅಂಗಡಿಯಲ್ಲಿ ನೋಡಲು ಇಟ್ಟಿದ್ದ ಡೆಮೊ ಪೀಸ್ ನನಗೆ 1,900ಕ್ಕೆ ಸಿಕ್ಕಿತು. ಆಗಿನ ರೂಪಾಯಿಯಲ್ಲಿ ಒಂದೂವರೆ ಲಕ್ಷದ ಹತ್ತಿರ. ಡೆಮೊ ಪೀಸ್ ಯಾವ ತಿಂಗಳಲ್ಲಿ ಯಾರನ್ನು ಕೇಳಿದರೆ ಸಿಗುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ, ನನಗೆ ಇನ್ನೊಂದು ತಗೊಳ್ಳುವುದಿದೆ. ಮನೆಗೆ ಡಬ್ಬ ಬಂದ ದಿನ ಹೆಂಡತಿ ಹೆಸರು ನೋಡಿ ಬಹಳ ಖುಷಿಯಾದಳು. ಹರಳಿನ ಸರ ಮಾಡುವವರೂ ಇವರೂ ಒಂದೇ ಮನೆತನ, ಅವಳ ತಪ್ಪೇನಿಲ್ಲ. ಡಬ್ಬ ತೆಗೆದ ಮೇಲೆ ಎರಡು ದಿನ ಮಾತಿಲ್ಲ.

ಆಫೀಸಿನಲ್ಲಿ ಹಾಸನದ ಹುಡುಗನೊಬ್ಬ ಇದ್ದಾನೆ, ಅವನೂ ಡ್ರಾ ಹಾಕುತ್ತಾನೆ. "ಅಣ್ಣಾ, ಆ ದುಡ್ಡಿಗೆ ಆರು ಟ್ರೇಲ್ ಕ್ಯಾಮೆರಾ ಬರ್ತಿತ್ತು, ಫೋನಲ್ಲೇ ಜಿಂಕೆ ನೋಡ್ಕೊಂಡು ಕೂರಬಹುದಿತ್ತು" ಅಂದ. ಕಾಡಿನ ಮರಕ್ಕೆ ಕಟ್ಟಿಟ್ಟರೆ ಹಾದುಹೋಗುವ ಪ್ರಾಣಿಯ ಫೋಟೋ ತಾನೇ ತೆಗೆಯುವ ಕ್ಯಾಮೆರಾ ಅದು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. 2022ರ ಜನವರಿಯಿಂದ ಅರಿಜೋನಾದಲ್ಲಿ ಬೇಟೆಗೆ ಟ್ರೇಲ್ ಕ್ಯಾಮೆರಾ ಬಳಸುವಂತಿಲ್ಲ ಅಂತ ನಿಯಮ ಬಂತು. ಅವನ ಕ್ಯಾಮೆರಾಗಳು ಈಗ ಗ್ಯಾರೇಜಿನಲ್ಲಿ ಬೆಕ್ಕು ಕಾಯುತ್ತಿವೆ.

ಆದರೆ 2020ರಲ್ಲಿ, ಹೊಸ ಗಾಜು, ಅಂದರೆ ಆ ಬೈನಾಕ್ಯುಲರ್, ಇಟ್ಟುಕೊಂಡೂ ಸೋತೆ. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. 1,900ರ ಗಾಜನ್ನು 40 ಡಾಲರಿನ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂರಿಸಿದ್ದೆ. ಗಾಜೇ ಒಂದು ಕೇಜಿಗಿಂತ ಜಾಸ್ತಿ ತೂಕ. ಗಾಳಿ ಬಂದರೆ ಕಡ್ಡಿ ಹಾಗೆ ನಡುಗುತ್ತಿತ್ತು, ತಿರುಗಿಸಲು ಹೋದರೆ ಒಂದೇ ಸಲ ಜಿಗಿದು ಅರ್ಧ ಬೆಟ್ಟ ದಾಟಿಬಿಡುತ್ತಿತ್ತು. ಗಾಜನ್ನು ಸ್ಟ್ಯಾಂಡಿಗೆ ಜೋಡಿಸುವ ಅಡಾಪ್ಟರಿಗೆ 80 ಡಾಲರ್ ಯಾಕೆ ಅಂತ ಮರದ ತುಂಡು, ವೆಲ್ಕ್ರೋ ಪಟ್ಟಿ ಹಾಕಿ ನಾನೇ ಒಂದು ಮಾಡಿಕೊಂಡಿದ್ದೆ. ಒಂದು ಮಧ್ಯಾಹ್ನ ಪಟ್ಟಿ ಜಾರಿತು. ಗಾಜು ಬಿದ್ದಿದ್ದು ನನ್ನ ತೊಡೆಯ ಮೇಲೆ, ಪಕ್ಕದಲ್ಲೇ ಬಂಡೆ ಇತ್ತು. ಆ ಅರ್ಧ ಸೆಕೆಂಡಿನಲ್ಲಿ ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂದು ಹೋಯಿತು. ಮರುವಾರವೇ ಕಾರ್ಬನ್ ಕಾಲಿನ ಟ್ರೈಪಾಡ್, ಜಿಗಿಯದೆ ನಿಧಾನಕ್ಕೆ ತಿರುಗುವ ಫ್ಲೂಯಿಡ್ ಹೆಡ್, ಗಾಜು ಕೂರಿಸಲು ಸರಿಯಾದ ಸ್ಟಡ್, ಎಲ್ಲ ಸೇರಿ 400 ಆಸುಪಾಸು ಕೊಟ್ಟೆ. ಗಾಜಿಗೆ ಎಷ್ಟು ಹಾಕುತ್ತೀರೋ ಅದರ ಐದರಲ್ಲಿ ಒಂದು ಪಾಲು ಕಾಲಿಗೆ ಇಡಿ. ಅದಿಲ್ಲದಿದ್ದರೆ ಗಾಜನ್ನೂ ತಗೊಳ್ಳಬೇಡಿ.

ಎಕ್ಸಿಟ್ ಪ್ಯೂಪಿಲ್ ಅಂದರೆ ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ, ಅದು ಜಾಸ್ತಿ ಇದ್ದಷ್ಟೂ ಮಬ್ಬು ಬೆಳಕಲ್ಲಿ ವಾಸಿ ಅಂತ ಲೆಕ್ಕ. 56ನ್ನು 15ರಿಂದ ಭಾಗಿಸಿದರೆ 3.7, 8x42ಕ್ಕೆ 5.25, ಹಾಗಾಗಿ ಮುಸ್ಸಂಜೆಗೆ 8x42 ವಾಸಿ ಅಂತ ಕಾಗದದ ಮೇಲೆ ಬರುತ್ತದೆ. ನಾನು ಎರಡನ್ನೂ ಒಂದೇ ಟ್ರೈಪಾಡಿನ ಮೇಲೆ ಅಕ್ಕಪಕ್ಕ ಇಟ್ಟು ನಾಲ್ಕೈದು ಸಂಜೆ ನೋಡಿದೆ. ಎಂಟರಲ್ಲಿ ಬೆಳಕು ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ ಬೀದಿಯ ಕೊನೆಯಲ್ಲಿ ನಿಂತ ಕಾರಿನ ನಂಬರ್ ಪ್ಲೇಟ್ ಕೊನೆಯವರೆಗೂ ಓದಲಾಗಿದ್ದು ಹದಿನೈದರಲ್ಲಿ. ಕೊಂಬಿನ ತುದಿ ಎಣಿಸುವುದು ಪ್ಲೇಟ್ ಓದುವ ಕೆಲಸವೇ ತಾನೆ? ಅಲ್ಲದೆ ನನ್ನ ವಯಸ್ಸಿಗೆ ಕಣ್ಣಿನ ಪಾಪೆ ಹುಡುಗರ ಹಾಗೆ ಅಗಲ ಆಗುವುದೂ ಇಲ್ಲ. ಪಕ್ಕದ ಮನೆಯವರು ಮಾತ್ರ ಕಿಟಕಿ ಪರದೆ ಎಳೆದುಕೊಂಡರು, ಆಮೇಲೆ ಹೋಗಿ ವಿವರಿಸಬೇಕಾಯಿತು.

ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ 200ರದ್ದೂ ಚೆನ್ನಾಗಿಯೇ ಕಾಣುತ್ತದೆ, 2,000ದ್ದೂ ಚೆನ್ನಾಗಿಯೇ ಕಾಣುತ್ತದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಹೊರಗೆ ತಂದು ನೋಡುತ್ತೇನೆ ಅಂತ ಹೇಳಿ. ಆಕಾಶದ ಎದುರಿಗೆ ಕರೆಂಟ್ ಕಂಬದ ಅಂಚು ನೋಡಿ, ನೇರಳೆ ಗೆರೆ ಎಷ್ಟು ದಪ್ಪ ಬರುತ್ತದೆ ಅಂತ, ತೆಳ್ಳಗಿದ್ದಷ್ಟೂ ಗಾಜು ಒಳ್ಳೆಯದು. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಿ. ಹತ್ತು ನಿಮಿಷ ಕಣ್ಣು ತೆಗೆಯದೆ ನೋಡಿ, ಒಂದು ನಿಮಿಷಕ್ಕೆ ಎಲ್ಲವೂ ಚೆನ್ನ.

2021, ನವೆಂಬರ್. ಬೆಳಕು ಹರಿಯುವ ಅರ್ಧ ಗಂಟೆ ಮೊದಲೇ ಸೂರ್ಯ ಬೆನ್ನಿಗೆ ಬರುವ ಹಾಗೆ ಕೂತೆ. ಕೂರುವುದಕ್ಕೆ ದಪ್ಪನೆಯ ಫೋಮ್, ಅದೂ ಉಪಕರಣವೇ. ಅಂಡು ನೋಯತೊಡಗಿದರೆ ಕಣ್ಣು ಕೆಲಸ ಬಿಡುತ್ತದೆ. ಮೊದಲು ಎಂಟರಲ್ಲಿ ಬಯಲಿಗೆ ಬಂದವು ಯಾವುವು ಅಂತ ಒಂದು ಸುತ್ತು, ಆಮೇಲೆ ಹದಿನೈದು. ಗಾಜನ್ನು ಒಂದು ಕಡೆ ನಿಲ್ಲಿಸಿ ಅದರೊಳಗೆ ಕಣ್ಣನ್ನು ಓಡಿಸಬೇಕು. ಎಡಮೇಲಿನಿಂದ ಶುರು, ಹತ್ತು ಹದಿನೈದು ಸೆಕೆಂಡ್, ಮುಂದಿನದಕ್ಕೆ ಸ್ವಲ್ಪ ಹಳೆಯದೂ ಸೇರುವ ಹಾಗೆ ಸರಿಸಿ. ಇಡೀ ಜಿಂಕೆ ಹುಡುಕಬೇಡಿ. ನಿಂತ ಕಾಡಿನಲ್ಲಿ ಅಡ್ಡಗೆರೆ ಕಂಡರೆ ಬೆನ್ನು ಇರಬಹುದು, ಒದ್ದೆ ಕರಿ ಚುಕ್ಕೆ ಮೂಗು ಇರಬಹುದು.

ಒಂಬತ್ತು ಗಂಟೆಗೆ ಹೆಚ್ಚಿನವರು ಚೀಲ ಕಟ್ಟಿ ಇಳಿಯುತ್ತಾರೆ. ನಾನೂ ಮೊದಲು ಹಾಗೇ ಇಳಿಯುತ್ತಿದ್ದೆ. ಅವು ಆಗ ನೆರಳಲ್ಲಿ ಮಲಗಿರುತ್ತವೆ, ಸೂರ್ಯ ಏರಿದ ಹಾಗೆ ನೆರಳು ಜರುಗಿ ಬಿಸಿಲು ಮೈಮೇಲೆ ಬೀಳುತ್ತದೆ, ಆಗ ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಮಲಗುತ್ತವೆ. ಆ ನಾಲ್ಕು ಹೆಜ್ಜೆಗಾಗಿಯೇ ನಾನು 1,900 ಕೊಟ್ಟಿದ್ದು. ಹತ್ತೂಮುಕ್ಕಾಲಿಗೆ ಜೂನಿಪರ್ ಗಿಡದ ಕೆಳಗಿನ ಕಲ್ಲೊಂದು ಎದ್ದು ನಿಂತಿತು. ಗಂಡು. ಅಷ್ಟರಲ್ಲಿ ನಾನು ಆ ಗಿಡವನ್ನು ಕಡಿಮೆ ಎಂದರೂ ಆರು ಸಲ ನೋಡಿದ್ದೆ.

ದೂರ 900 ಗಜ ಇರಬೇಕು. ಎದುರು ಬೆಟ್ಟದ ಫೋಟೋ ಫೋನಿನಲ್ಲಿ ತೆಗೆದು ಗಿಡಕ್ಕೆ ಗುರುತು ಹಾಕಿಕೊಂಡೆ. ಇದನ್ನು ಮಾಡದಿದ್ದರೆ ಕಣಿವೆ ಇಳಿದು ಹತ್ತುವಷ್ಟರಲ್ಲಿ ಎಲ್ಲ ಗಿಡವೂ ಒಂದೇ ಥರ. ಮುಳ್ಳುಪೊದೆ, ಪಾಪಾಸುಕಳ್ಳಿ ದಾಟಿ ಒಂದೂವರೆ ಗಂಟೆ. 280 ಗಜದಿಂದ ಒಂದೇ ಗುಂಡು, ಅದೇ 550 ಡಾಲರಿನ ಸೆಕೆಂಡ್‌ಹ್ಯಾಂಡ್ ಕೋವಿ. ಮೂಳೆ ಬಿಡಿಸಿ ಹೊತ್ತು ತಂದಿದ್ದು 15 ಕೇಜಿ ಮಾಂಸ. ಊರಿಂದ ಬಂದ ಕಾಚಂಪುಳಿ ಹಾಕಿ ಹಂದಿ ಕರಿಯ ಮಸಾಲೆಯಲ್ಲೇ ಮಾಡಿದೆವು. ಕೊಬ್ಬು ಇಲ್ಲದ್ದರಿಂದ ಸ್ವಲ್ಪ ಒಣ ಒಣ, ಆದರೆ ಹೆಂಡತಿ ಎರಡನೇ ಸಲ ಬಡಿಸಿಕೊಂಡಳು. ಬೈನಾಕ್ಯುಲರ್ ವಿಷಯ ಅಲ್ಲಿಗೆ ಮುಗಿಯಿತು.

ಅಡ್ಡ ಪ್ರಯೋಗಗಳು ಬೇಕಾದಷ್ಟು ಮಾಡಿದ್ದೇನೆ. ತಲೆ ಮತ್ತು ಗಾಜು ಎರಡನ್ನೂ ಮುಚ್ಚುವ ಹಾಗೆ ಹಳೆಯ ಪಂಚೆ ಹೊದ್ದು ನೋಡಿದರೆ ಪಕ್ಕದ ಬೆಳಕು ನಿಂತು ಬಹಳ ಸ್ಪಷ್ಟ, ಆದರೆ ಉಸಿರಿಗೆ ಐಪೀಸ್ ಮಂಜಾಗುತ್ತದೆ, ಮಧ್ಯಾಹ್ನ ಬೆವರು. ಕೊಡೆ ಕಟ್ಟಿದೆ, ಗಾಳಿ ತಗೊಂಡು ಹೋಯಿತು. ಫೋನ್ ಅಡಾಪ್ಟರಿಗೆ ಕೊಟ್ಟ 60 ದಂಡ, ಅದನ್ನು ಜೋಡಿಸುವಷ್ಟರಲ್ಲಿ ಜಿಂಕೆ ಮನೆಗೆ ಹೋಗಿರುತ್ತದೆ. ಆದರೆ ರಾತ್ರಿ ಕ್ಯಾಂಪಿನಲ್ಲಿ ಅದೇ ಟ್ರೈಪಾಡಿನಿಂದ ಗುರುಗ್ರಹದ ನಾಲ್ಕು ಚಂದ್ರ ಸಾಲಾಗಿ ಕಂಡವು. ಮಗಳು ಅವತ್ತಿನಿಂದ ಕ್ಯಾಂಪಿಗೆ ತಾನೇ ಹೊರಡುತ್ತಾಳೆ.

ಕಳೆದ ಸಲ ಊರಿಗೆ 8x42 ತಗೊಂಡು ಹೋಗಿದ್ದೆ. ತೋಟದ ಅತ್ತಿಮರದಲ್ಲಿ ಮಂಗಟ್ಟೆ ಹಕ್ಕಿ ಕೂತಿತ್ತು, ದೊಡ್ಡಪ್ಪನ ಕೈಗೆ ಕೊಟ್ಟೆ. ಅರ್ಧ ಗಂಟೆ ವಾಪಸ್ ಕೊಡಲಿಲ್ಲ. ಆಮೇಲೆ ಮೂರು ಗಂಡಿನ ಕಥೆ ಹೇಳಿದೆ. "ಒಂದು ಜಿಂಕೆಗೆ ಎಷ್ಟು ಹೊತ್ತು ಕೂತೆ?" ಅಂತ ಕೇಳಿದರು. ಐದು ಗಂಟೆ, ಆರು ಗಂಟೆ ಅಂದೆ. "ಅಷ್ಟರಲ್ಲಿ ನಾವು ಒಂದು ಮೂಟೆ ಕಾಫಿ ಕೊಯ್ದು ಆಗ್ತಿತ್ತು ಮಾರಾಯ."

ಹಾಸನದ ಹುಡುಗ ಈಗ ಜೀಸ್ ಕಾನ್‌ಕ್ವೆಸ್ಟ್ 15x56 ತಗೊಂಡಿದ್ದಾನೆ, ನನ್ನದಕ್ಕಿಂತ ಕಡಿಮೆ ದುಡ್ಡು, ಗಾಜು ಬಹಳ ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ. ಯಾವ ಯೂನಿಟ್ಟು (ಬೇಟೆಯ ವಲಯ), ಯಾವ ಗುಡ್ಡ ಅಂತ ಮೊನ್ನೆ ಮತ್ತೆ ಕೇಳಿದ. ಟ್ರೈಪಾಡಿನ ಬಿಲ್ಲಿನ ಫೋಟೋ ಕಳಿಸಿದ್ದೇನೆ.